ಕತ್ತು ಒಡ್ಡಿ ಫ್ರೀ ಕಿಕ್ ಗಿಟ್ಟಿಸುವ ಕಲೆ: ಆಸ್ಟ್ರೇಲಿಯನ್ ಫುಟ್‌ಬಾಲಿನ ಬಗೆಹರಿಯದ ಜಗಳ

2017ರ ಸೆಪ್ಟೆಂಬರ್ 9, ಅಡಿಲೇಡ್ ಓವಲ್. ಪೋರ್ಟ್ ಅಡಿಲೇಡ್ ಮತ್ತು ವೆಸ್ಟ್ ಕೋಸ್ಟ್ ನಡುವಿನ ಎಲಿಮಿನೇಷನ್ ಫೈನಲ್ ಸಮಬಲವಾಗಿ ಹೆಚ್ಚುವರಿ ಅವಧಿಗೆ ಹೋಗಿತ್ತು. ಅದೂ ಮುಗಿಯುತ್ತ ಬಂದಾಗ ತವರಿನ ಪೋರ್ಟ್ ನಾಲ್ಕು ಅಂಕ ಮುಂದಿತ್ತು. ಉಳಿದದ್ದು ಕೆಲವೇ ಸೆಕೆಂಡು. ಚೆಂಡು ವೆಸ್ಟ್ ಕೋಸ್ಟ್‌ನ ಲೂಕ್ ಶೂಯಿ ಕೈಗೆ ಬಿತ್ತು, ಎದುರಾಳಿ ಹಿಡಿದುಕೊಂಡ, ಹಿಡಿದ ತೋಳು ಹೆಗಲು ದಾಟಿ ಮೇಲಕ್ಕೆ ಹೋಯಿತು, ಅಂಪೈರ್ ಸೀಟಿ ಊದಿದರು. ಪಂದ್ಯ ಮುಗಿದ ಸೈರನ್ ಮೊಳಗಿದ ಮೇಲೆ ಶೂಯಿ ನಿಧಾನವಾಗಿ ಓಡಿ ಬಂದು ಒದ್ದ. ಗೋಲು. ಆರು ಅಂಕ. ವೆಸ್ಟ್ ಕೋಸ್ಟ್‌ಗೆ ಎರಡು ಅಂಕಗಳ ಗೆಲುವು, ಪೋರ್ಟ್ ಅಡಿಲೇಡ್‌ಗೆ ಆ ವರ್ಷದ ಆಟ ಅಲ್ಲಿಗೆ ಮುಕ್ತಾಯ.

ತೋಳು ಕತ್ತಿಗೆ ತಾಗಿದ್ದು ನಿಜ. ಆದರೆ ತಾನಾಗಿ ತಾಗಿತೋ, ಶೂಯಿ ತಾಗಿಸಿಕೊಂಡನೋ? ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನೋಡುವವರು, ಅದರಲ್ಲೂ ಮೆಲ್ಬರ್ನ್‌ನವರು, ಸುಮಾರು ಹದಿನೈದು ವರ್ಷದಿಂದ ಪ್ರತಿ ಚಳಿಗಾಲವೂ ಕಿತ್ತಾಡುತ್ತಿರುವುದು ಈ ಪ್ರಶ್ನೆಯ ಮೇಲೆಯೇ.

ನಮಗೆ ಮೆಲ್ಬರ್ನ್‌ನ ಎಂಸಿಜಿ ಮೈದಾನ ಎಂದರೆ ಬಾಕ್ಸಿಂಗ್ ಡೇ ಟೆಸ್ಟ್. ಅಲ್ಲಿನವರಿಗೆ ಅದು ವರ್ಷದ ಬಹುಪಾಲು ತಿಂಗಳು 'ಫುಟಿ'ಯ ಅಂಗಳ. ಆಟ ಹುಟ್ಟಿದ್ದೂ ಕ್ರಿಕೆಟಿಗರಿಂದಲೇ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಟಾಮ್ ವಿಲ್ಸ್ 1858ರ ಜುಲೈಯಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ಮೇ ತಿಂಗಳಲ್ಲಿ ಆತನೂ ಗೆಳೆಯರೂ ಮೆಲ್ಬರ್ನ್‌ನ ಒಂದು ಹೋಟೆಲಿನಲ್ಲಿ ಕೂತು ಹತ್ತು ನಿಯಮ ಬರೆದರು. ಕಣಕಾಲಿಗೆ ಒದೆಯುವಂತಿಲ್ಲ ಎಂಬುದು ಅವುಗಳಲ್ಲಿತ್ತು. ಕಾಲು ಕೊಟ್ಟು ಬೀಳಿಸುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಮುಂದಿನ ವರ್ಷ ಅದನ್ನೂ ನಿಷೇಧಿಸಿದರು. ಮೈಗೆ ಪೆಟ್ಟಾಗುವುದು ಎಷ್ಟರವರೆಗೆ ಆಟ, ಎಲ್ಲಿಂದಾಚೆ ಅನ್ಯಾಯ ಎಂಬ ತಕರಾರು ಆಟದಷ್ಟೇ ಹಳೆಯದು.

ಈಗಿನ ಆಟದಲ್ಲಿ ಒಂದೊಂದು ಕಡೆ ಹದಿನೆಂಟು ಮಂದಿ. ಚೆಂಡನ್ನು ಹಿಡಿದು ಓಡಬಹುದು. ಇನ್ನೊಬ್ಬರಿಗೆ ದಾಟಿಸಬೇಕಾದರೆ ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಚೆಂಡು ಹಿಡಿದವನನ್ನು ಎದುರಾಳಿ ಹೆಗಲಿನಿಂದ ಕೆಳಗೆ, ಮಂಡಿಯಿಂದ ಮೇಲೆ ಎಲ್ಲಿ ಬೇಕಾದರೂ ಹಿಡಿಯಬಹುದು. ಹೆಗಲು ದಾಟಿದರೆ ಅದು ಹೈ ಟ್ಯಾಕಲ್, ಹಿಡಿಸಿಕೊಂಡವನಿಗೆ ಫ್ರೀ ಕಿಕ್. ಇದರ ಎದುರು ಇನ್ನೊಂದು ನಿಯಮವಿದೆ, ಅದನ್ನು ಬಿಟ್ಟರೆ ಈ ಕಥೆ ಅರ್ಥವಾಗುವುದಿಲ್ಲ: ಚೆಂಡನ್ನು ದಾಟಿಸಲು ಅವಕಾಶ ಇದ್ದೂ ದಾಟಿಸದೆ ಸಿಕ್ಕಿಬಿದ್ದರೆ 'ಹೋಲ್ಡಿಂಗ್ ದಿ ಬಾಲ್', ಫ್ರೀ ಕಿಕ್ ಹಿಡಿದವನಿಗೆ.

ಎಂದರೆ ಸಿಕ್ಕಿಬಿದ್ದ ಆಟಗಾರನ ಮುಂದೆ ಇರುವುದು ಎರಡು ಫಲಿತಾಂಶ. ತೋಳು ಎದೆಯ ಮೇಲೇ ನಿಂತರೆ ಚೆಂಡು ಎದುರಾಳಿಯದು. ಅದೇ ತೋಳು ನಾಲ್ಕು ಬೆರಳು ಮೇಲೆ ಸರಿದರೆ ಚೆಂಡು ತನ್ನದು. ಗೋಲಿನ ಹತ್ತಿರವಾಗಿದ್ದರೆ ಆರು ಅಂಕಕ್ಕೆ ಯಾರ ಅಡ್ಡಿಯೂ ಇಲ್ಲದ ಒಂದು ಒದೆತ. ಸೋಲನ್ನು ಲಾಭವಾಗಿಸಲು ಬೇಕಾದದ್ದು ನಾಲ್ಕು ಬೆರಳಿನ ಅಂತರ. ಇಷ್ಟು ದೊಡ್ಡ ಆಮಿಷ ಒಡ್ಡಿಟ್ಟು, ಆಟಗಾರರು ಸಂತರಂತೆ ನಡೆದುಕೊಳ್ಳಲಿ ಎಂದರೆ ಹೇಗೆ?

ಕತ್ತಿನ ನಿಯಮವೇನೂ ಹೊಸದಲ್ಲ. ಆದರೆ ಹಿಂದಿನ ಕಾಲದಲ್ಲಿ ಯಾರೂ ಅದನ್ನು ಬೇಕೆಂದೇ ಬಳಸಿಕೊಳ್ಳುವ ಗೋಜಿಗೆ ಹೋಗುತ್ತಿರಲಿಲ್ಲ. ಹೋದರೆ ಮೂಳೆ ಉಳಿಯುವ ಖಾತ್ರಿ ಇರಲಿಲ್ಲ. ಕಾರ್ಲ್‌ಟನ್ ಮತ್ತು ಸೌತ್ ಮೆಲ್ಬರ್ನ್ ನಡುವಿನ 1945ರ ಗ್ರ್ಯಾಂಡ್ ಫೈನಲ್‌ಗೆ ಇವತ್ತಿಗೂ 'ಬ್ಲಡ್‌ಬಾತ್' (ರಕ್ತಪಾತ) ಎಂದೇ ಹೆಸರು. 1985ರಲ್ಲಿ ಹಾಥಾರ್ನ್‌ನ ದಿಗ್ಗಜ ಲೀ ಮ್ಯಾಥ್ಯೂಸ್, ಚೆಂಡು ಬೇರೆಲ್ಲೋ ಇದ್ದಾಗ ಜೀಲಾಂಗ್‌ನ ನೆವಿಲ್ ಬ್ರನ್ಸ್‌ನ ದವಡೆ ಮುರಿದ. ಪೊಲೀಸ್ ಕೇಸಾಯಿತು, ಲೀಗ್ ಆತನ ನೋಂದಣಿಯನ್ನು ನಾಲ್ಕು ವಾರ ರದ್ದು ಮಾಡಿತು. ಅಂಥ ಮೈದಾನದಲ್ಲಿ ತಾನಾಗಿ ತಲೆ ಒಡ್ಡುವವನು ಮೂರ್ಖ. ನನಗೆ ಈ ಚರ್ಚೆಯಲ್ಲಿ ಅತ್ಯಂತ ಸ್ವಾರಸ್ಯ ಅನ್ನಿಸುವುದು ಇದೇ: ತಲೆಯನ್ನು ಕಾಪಾಡಲು ಆಟ ಗಟ್ಟಿಯಾಗಿ ನಿಂತ ಮೇಲೆಯೇ ತಲೆ ಒಡ್ಡುವುದು ಲಾಭದ ಕೆಲಸವಾಯಿತು.

ಆಟ ಗಟ್ಟಿಯಾಗಿ ನಿಂತದ್ದು ಈ ಶತಮಾನದಲ್ಲಿ. 2006ರಲ್ಲಿ ಸೇಂಟ್ ಕಿಲ್ಡಾದ ಜಸ್ಟಿನ್ ಕೊಶಿಟ್ಸ್‌ಕೆಗೆ ವೆಸ್ಟರ್ನ್ ಬುಲ್‌ಡಾಗ್ಸ್‌ನ ಡೇನಿಯಲ್ ಜಾನ್‌ಸಿರಾಕುಸಾ ಹೆಗಲಿನಿಂದ ಢಿಕ್ಕಿ ಹೊಡೆದ. ಅಂದಿನ ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಕೊಶಿಟ್ಸ್‌ಕೆಯ ತಲೆಬುರುಡೆ ಬಿರಿದಿತ್ತು. ಅದಾದ ಮೇಲೆ ತಲೆಗೆ ತಾಗುವ ಢಿಕ್ಕಿಗಳ ಬಗ್ಗೆ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ ಹೋಯಿತು. ಬಗ್ಗಿ ಚೆಂಡೆತ್ತುವವನ ತಲೆಗೆ ಪೆಟ್ಟಾದರೆ ಢಿಕ್ಕಿ ಹೊಡೆದವನೇ ಹೊಣೆ ಎಂಬ ಧೋರಣೆ ನೆಲೆಯೂರಿತು.

ಇದೇ ಹೊತ್ತಿಗೆ, 2007ರಲ್ಲಿ, ಜೀಲಾಂಗ್ ತಂಡಕ್ಕೆ ಜೋಯೆಲ್ ಸೆಲ್‌ವುಡ್ ಎಂಬ ಹುಡುಗ ಬಂದ.

ಸೆಲ್‌ವುಡ್ ಬಗ್ಗೆ ತುಸು ನಿಂತು ಮಾತಾಡಬೇಕು, ಯಾಕೆಂದರೆ ಈ ಇಡೀ ವಿವಾದವನ್ನು ಕಪ್ಪು-ಬಿಳುಪಾಗಿ ನೋಡಲು ಬಿಡದವನು ಅವನೇ. 355 ಪಂದ್ಯ, ನಾಲ್ಕು ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ), ಹತ್ತು ವರ್ಷಕ್ಕೂ ಮೀರಿದ ನಾಯಕತ್ವ. ಚೆಂಡು ಎಲ್ಲಿ ಗುಂಪಿನೊಳಗೆ ಬಿದ್ದಿರುತ್ತದೋ ಅಲ್ಲಿ ಮೊದಲು ತಲೆ ತೂರಿಸುವವನು. ಹಣೆ ಒಡೆದು ರಕ್ತ ಸುರಿಯುತ್ತಿದ್ದರೂ ಬ್ಯಾಂಡೇಜ್ ಸುತ್ತಿಕೊಂಡು ಮತ್ತೆ ಇಳಿಯುತ್ತಿದ್ದ ಅವನ ಚಿತ್ರ ಆಸ್ಟ್ರೇಲಿಯಾದಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಫ್ರೀ ಕಿಕ್‌ಗಳು ರಾಶಿ ರಾಶಿ ಸಿಕ್ಕವು. ಕೆಲವು ಅವನ ಧೈರ್ಯಕ್ಕೆ ಸಿಕ್ಕಿದವು. ಇನ್ನು ಕೆಲವು ಅವನ ತೋಳಿಗೆ.

ಎದುರಾಳಿಯ ಕೈ ತನ್ನ ಮೇಲ್ತೋಳನ್ನು ಸುತ್ತುವ ಕ್ಷಣದಲ್ಲಿ ಸೆಲ್‌ವುಡ್ ಮೊಣಕೈಯನ್ನು ಮೇಲಕ್ಕೆ ಎತ್ತುತ್ತಿದ್ದ. ಹಿಡಿದ ಕೈ ತೋಳಿನ ಮೇಲೇ ಜಾರಿ ಹೆಗಲಿಗೆ, ಅಲ್ಲಿಂದ ಕತ್ತಿಗೆ ಬರುತ್ತಿತ್ತು. ಅದೇ ಹೊತ್ತಿಗೆ ಮಂಡಿಯನ್ನು ತುಸು ಮಡಿಸಿದರೆ ಹೆಗಲೇ ಕೆಳಗಿಳಿಯುತ್ತದೆ. ಎದೆಗೆಂದು ಬಂದ ಕೈ ತಾನಾಗಿ ತಲೆಯ ಮಟ್ಟದಲ್ಲಿರುತ್ತದೆ. ಎಲ್ಲ ಸೇರಿ ಅರ್ಧ ಸೆಕೆಂಡಿನ ಕೆಲಸ. ಆದರೆ ತೋಳು ಎತ್ತುವುದು ಹಿಡಿತ ಬಿಡಿಸಿಕೊಳ್ಳುವ ಸಹಜ ದಾರಿಯೂ ಹೌದು. ತೋಳು ಮುಕ್ತವಾಗಿದ್ದರೆ ತಾನೇ ಚೆಂಡು ಗುದ್ದಿ ದಾಟಿಸಲು ಸಾಧ್ಯ? ಒಂದೇ ಚಲನೆ, ಎರಡು ಉದ್ದೇಶ. ಯಾವುದು ಅವನ ಮನಸ್ಸಿನಲ್ಲಿತ್ತು ಎಂದು ಯಾವ ರೀಪ್ಲೇಯೂ ಹೇಳುವುದಿಲ್ಲ.

ಒಬ್ಬನಿಗೆ ಲಾಭವಾದ ವಿದ್ಯೆ ಉಳಿದವರಿಗೆ ಹರಡದೆ ಇರುತ್ತದೆಯೇ? ವೆಸ್ಟ್ ಕೋಸ್ಟ್‌ನ ಶೂಯಿ, ನಾರ್ತ್ ಮೆಲ್ಬರ್ನ್‌ನ ಲಿಂಡ್ಸೆ ಥಾಮಸ್, ಆಮೇಲೆ ಬುಲ್‌ಡಾಗ್ಸ್‌ನ ಕೋಡಿ ವೇಟ್‌ಮನ್, ಹೀಗೆ ಹೆಸರುಗಳು ಬೆಳೆದವು. ಥಾಮಸ್ ಹೆಸರು ಇನ್ನೊಂದು ನಿಯಮದ ಬುಡದಲ್ಲೂ ಇದೆ. 2012ರಲ್ಲಿ ಆತ ನೆಲದ ಮೇಲೆ ಜಾರುತ್ತ ಚೆಂಡಿಗೆ ಹೋದಾಗ ಸಿಡ್ನಿಯ ಗ್ಯಾರಿ ರೋಹನ್‌ನ ಕಾಲು ಮುರಿಯಿತು. 2013ರಿಂದ ಮಂಡಿಯ ಕೆಳಗೆ ಜೋರಾಗಿ ಢಿಕ್ಕಿಯಾಗುವಂತೆ ಜಾರಿ ಬರುವುದಕ್ಕೆ ಫ್ರೀ ಕಿಕ್ ಬಂತು. ಕೆಳಗೆ ಹೋದರೂ ತಪ್ಪು, ಮೇಲೆ ಹೋದರೂ ತಪ್ಪು ಎಂದು ಟ್ಯಾಕಲ್ ಮಾಡುವವರು ಗೊಣಗಲು ಶುರುಮಾಡಿದ್ದು ಆಗಲೇ.

ಲೀಗ್ ಕೈಕಟ್ಟಿ ಕೂತಿರಲಿಲ್ಲ. ತಲೆ ತಗ್ಗಿಸಿ ನೇರ ಎದುರಾಳಿಗೆ ನುಗ್ಗುವವನಿಗೆ ಫ್ರೀ ಕಿಕ್ ಇಲ್ಲ, ಚೆಂಡು ದಾಟಿಸುವ ಅವಕಾಶವನ್ನು ಅವನೇ ಬಳಸಿಕೊಂಡಂತೆ ಎಂದು 2010ರ ದಶಕದಲ್ಲೇ ಅಂಪೈರ್‌ಗಳಿಗೆ ಸೂಚನೆ ಹೋಗಿತ್ತು. ಆದರೆ ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಎನ್ನುವವರು ಎಲ್ಲ ಆಟದಲ್ಲೂ ಇರುತ್ತಾರೆ. ತಲೆ ತಗ್ಗಿಸುವುದು ಕಣ್ಣಿಗೆ ರಾಚುತ್ತದೆ. ಮಂಡಿ ಮಡಿಸುವುದು, ಹೆಗಲು ಕುಣಿಸುವುದು ಅಷ್ಟಾಗಿ ಕಾಣುವುದಿಲ್ಲ.

2020ರಲ್ಲಿ ಮಾತಿನ ಧಾಟಿಯೇ ಬದಲಾಯಿತು. ಹಿಂದಿನ ವರ್ಷ ತೀರಿಕೊಂಡಿದ್ದ ಹಳೆಯ ಆಟಗಾರ ಗ್ರಹಾಂ 'ಪಾಲಿ' ಫಾರ್ಮರ್ ಮಿದುಳಿನಲ್ಲಿ ಸಿಟಿಇ ಇತ್ತೆಂದು ತಿಳಿದುಬಂತು. ಪದೇಪದೇ ತಲೆಗೆ ಬಿದ್ದ ಪೆಟ್ಟಿನಿಂದ ವರ್ಷಗಳಾದ ಮೇಲೆ ಮಿದುಳು ಸವೆಯುವ ಕಾಯಿಲೆ ಅದು. ಸತ್ತ ನಂತರ ಮಿದುಳನ್ನು ಪರೀಕ್ಷಿಸಿದರೆ ಮಾತ್ರ ಖಚಿತವಾಗುತ್ತದೆ. ಅದೇ ವರ್ಷ ಇನ್ನೊಬ್ಬ ಮಾಜಿ ಆಟಗಾರ ಡ್ಯಾನಿ ಫ್ರಾಲಿಯದೂ ಹೊರಬಂತು. 38ನೇ ವಯಸ್ಸಿನಲ್ಲಿ ತೀರಿಕೊಂಡ ಶೇನ್ ಟಕ್‌ಗೆ ತೀವ್ರ ಸ್ವರೂಪದ ಸಿಟಿಇ ಇತ್ತೆಂದು 2021ರ ಆರಂಭದಲ್ಲಿ ಗೊತ್ತಾಯಿತು. ತಲೆಗೆ ಪೆಟ್ಟಾಗಿ ಕನ್ಕಶನ್ ಆದವನು ಕನಿಷ್ಠ 12 ದಿನ ಆಡುವಂತಿಲ್ಲ ಎಂಬ ನಿಯಮ ಬಂದದ್ದು ಆ ವರ್ಷವೇ. ಇಷ್ಟು ಗೊತ್ತಾದ ಮೇಲೂ, ತಲೆಗೆ ಕೈ ಬೀಳಿಸಿಕೊಂಡವನಿಗೆ ಬಹುಮಾನ ಕೊಡುತ್ತ ಹೋಗುವುದು ಹೇಗೆ? ಟಿವಿಯಲ್ಲಿ ನೋಡಿದ ಮಕ್ಕಳು ಶಾಲೆಯ ಮೈದಾನದಲ್ಲಿ ಅದನ್ನೇ ಮಾಡುವುದಿಲ್ಲವೇ?

ಇದಕ್ಕೆ ಮುಖವಾಗಿ ಸಿಕ್ಕವನು ಕಾಲಿಂಗ್‌ವುಡ್‌ನ ಜ್ಯಾಕ್ ಗಿನಿವನ್. 19 ವರ್ಷ, ಬಿಳಿಚಿಸಿದ ಕೂದಲು, ಎದುರಾಳಿಗಳನ್ನು ಕೆಣಕುವುದೆಂದರೆ ಖುಷಿ. 2022ರ ಆ್ಯನ್‌ಜ್ಯಾಕ್ ಡೇ (ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ) ಪಂದ್ಯದಲ್ಲಿ ಎಸೆಂಡನ್ ವಿರುದ್ಧ ಐದು ಗೋಲು ಹೊಡೆದು ಪಂದ್ಯದ ಶ್ರೇಷ್ಠ ಆಟಗಾರನ ಪದಕ ಗೆದ್ದ. ಗೋಲಿನ ಬಳಿಯೇ ಆಡುವವನಾದ್ದರಿಂದ ಅವನಿಗೆ ಸಿಕ್ಕ ಒಂದೊಂದು ಹೈ ಟ್ಯಾಕಲ್ ಫ್ರೀ ಕಿಕ್ಕೂ ಅಂಕಗಳಾಗಿ ಕಾಣುತ್ತಿತ್ತು. ಸೆಲ್‌ವುಡ್‌ನನ್ನು ಶೂರ ಎಂದು ಹೊಗಳಿದ ಬಾಯಿಗಳೇ ಗಿನಿವನ್‌ನನ್ನು ಮೋಸಗಾರ ಎಂದವು. ಕೂದಲಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ಆ ವರ್ಷದ ಜುಲೈ ತಿಂಗಳಲ್ಲಿ, ಸೀಸನ್ ನಡೆಯುತ್ತಿರುವಾಗಲೇ, ಎಎಫ್‌ಎಲ್ ಸ್ಪಷ್ಟನೆ ಹೊರಡಿಸಿತು. ಚೆಂಡು ಹಿಡಿದವನು ಹೆಗಲು ಕೊಡವಿ, ಮಂಡಿ ಮಡಿಸಿ ಅಥವಾ ತೋಳೆತ್ತಿ ತಾನೇ ಎತ್ತರದ ಸ್ಪರ್ಶಕ್ಕೆ ಕಾರಣನಾದರೆ ಫ್ರೀ ಕಿಕ್ ಇಲ್ಲ, 'ಪ್ಲೇ ಆನ್', ಎಂದರೆ ಆಟ ಮುಂದುವರಿಯಲಿ. ಅವಕಾಶ ಇದ್ದೂ ಚೆಂಡು ದಾಟಿಸದಿದ್ದರೆ ಅವನ ಮೇಲೆಯೇ ಹೋಲ್ಡಿಂಗ್ ದಿ ಬಾಲ್. ಇದನ್ನು ವಿವರಿಸಿದವರು ಆಗ ಲೀಗ್‌ನ ಫುಟ್‌ಬಾಲ್ ವಿಭಾಗದ ಮುಖ್ಯಸ್ಥರಾಗಿದ್ದ ಬ್ರ್ಯಾಡ್ ಸ್ಕಾಟ್. ಇವರು ಹಿಂದೆ ನಾರ್ತ್ ಮೆಲ್ಬರ್ನ್‌ನಲ್ಲಿ ಲಿಂಡ್ಸೆ ಥಾಮಸ್‌ಗೆ ಕೋಚ್ ಆಗಿದ್ದವರು. ಇವರ ಅವಳಿ ಸೋದರ ಕ್ರಿಸ್ ಸ್ಕಾಟ್, ಸೆಲ್‌ವುಡ್‌ನ ಕೋಚ್. ಈ ಕಲೆಯ ಒಳಗುಟ್ಟು ಇವರ ಮನೆಯಲ್ಲಿ ತಿಳಿದಷ್ಟು ಇನ್ನೆಲ್ಲಿ ತಿಳಿದಿದ್ದೀತು?

ಸ್ಪಷ್ಟನೆ ಬಂದ ವಾರವೇ ಪರೀಕ್ಷೆ ಎದುರಾಯಿತು. ಮತ್ತೆ ಕಾಲಿಂಗ್‌ವುಡ್ ಮತ್ತು ಎಸೆಂಡನ್, ಎಂಸಿಜಿಯಲ್ಲಿ. ಎಸೆಂಡನ್‌ನ ಮೇಸನ್ ರೆಡ್‌ಮನ್ ಹಿಡಿದಾಗ ಕೈ ಗಿನಿವನ್‌ನ ಕತ್ತನ್ನೇ ಸುತ್ತಿತ್ತು. ಅಂಪೈರ್ ಸೀಟಿ ಊದಲಿಲ್ಲ. ಜೇಮಿ ಎಲಿಯಟ್ ಸೈರನ್ ನಂತರ ಹೊಡೆದ ಗೋಲಿನಿಂದ ಕಾಲಿಂಗ್‌ವುಡ್ ಗೆದ್ದದ್ದರಿಂದ ಬೆಂಕಿ ತುಸು ತಣ್ಣಗಾಯಿತು, ಅಷ್ಟೆ. ಅದು ಕೊಡಬೇಕಿದ್ದ ಫ್ರೀ ಕಿಕ್ ಎಂದು ಲೀಗ್ ಆಮೇಲೆ ಒಪ್ಪಿಕೊಂಡಿತು. ಹೊಸ ಸೂಚನೆಯ ಅಪಾಯ ಆ ಒಂದು ಘಟನೆಯಲ್ಲೇ ಬಯಲಾಗಿತ್ತು: ಅಂಪೈರ್ ಸ್ಪರ್ಶವನ್ನು ನೋಡುವ ಬದಲು ಮನುಷ್ಯನನ್ನು ನೋಡತೊಡಗುತ್ತಾರೆ. ಹೆಸರು ಕೆಟ್ಟವನ ಕತ್ತಿಗೆ ನಿಜವಾಗಿ ಕೈ ಬಿದ್ದರೂ ಅದು ನಾಟಕವಾಗಿಯೇ ಕಾಣುತ್ತದೆ.

ಕ್ರಿಕೆಟ್ ಬಲ್ಲವರಿಗೆ ಇದು ಪರಿಚಿತ ಸಂಕಟ. 1957ರ ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ ಪೀಟರ್ ಮೇ ಮತ್ತು ಕಾಲಿನ್ ಕೌಡ್ರಿ 411 ರನ್ ಜೊತೆಯಾಟ ಆಡಿದಾಗ ವೆಸ್ಟ್ ಇಂಡೀಸ್‌ನ ರಾಮಾಧೀನ್‌ನ ಸ್ಪಿನ್ನನ್ನು ಬ್ಯಾಟಿಗಿಂತ ಪ್ಯಾಡಿನಿಂದಲೇ ತಡೆದದ್ದು ಹೆಚ್ಚು ಎಂಬ ಮಾತಿದೆ. ಕೊನೆಗೆ ಎಲ್‌ಬಿಡಬ್ಲ್ಯು ನಿಯಮವನ್ನೇ ತಿದ್ದಿ, ಹೊಡೆಯುವ ಪ್ರಾಮಾಣಿಕ ಯತ್ನ ಇತ್ತೋ ಇಲ್ಲವೋ ಎಂಬುದನ್ನು ಅಂಪೈರ್ ನಿರ್ಧಾರಕ್ಕೆ ಬಿಡಬೇಕಾಯಿತು. ಅಲ್ಲಿ ಅಂಪೈರ್ ನಿಂತಲ್ಲೇ ನಿಂತು ಎದುರಿಗಿರುವ ಒಬ್ಬನನ್ನು ನೋಡುತ್ತಾರೆ. ಫುಟಿಯ ಅಂಪೈರ್ 36 ಜನರ ನಡುವೆ ಓಡುತ್ತಿರುತ್ತಾರೆ, ನಡುವೆ ಯಾರದೋ ಬೆನ್ನು ಅಡ್ಡವಿರುತ್ತದೆ. 2023ರಿಂದ ಮೈದಾನದ ಅಂಪೈರ್‌ಗಳನ್ನು ಮೂವರಿಂದ ನಾಲ್ವರಿಗೆ ಏರಿಸಿದ್ದು ಈ ಕಷ್ಟಕ್ಕೆ ಒಂದಿಷ್ಟು ಪರಿಹಾರ, ಪೂರ್ಣವಲ್ಲ.

ಆದರೂ 2022ರ ದಾರಿ ಸರಿಯೆಂದೇ ನನಗನ್ನಿಸುತ್ತದೆ. ಹೊಣೆ ಯಾರದು ಎಂದು ಕೇಳದೆ ತಾಗಿತೋ ಇಲ್ಲವೋ ಎಂದಷ್ಟೇ ಕೇಳಿದರೆ ತಲೆ ಒಡ್ಡುವವರ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ನನ್ನ ತಕರಾರು ಇರುವುದು ಬೇರೆ ಕಡೆ. ಬೈಗುಳವೆಲ್ಲ ಹತ್ತೊಂಬತ್ತರ ಹುಡುಗನ ಪಾಲಾಯಿತು. ಅದೇ ವಿದ್ಯೆಯನ್ನು ವರ್ಷಗಟ್ಟಲೆ ನೋಡುತ್ತ ಸೀಟಿ ಊದುತ್ತ ಬಂದ ವ್ಯವಸ್ಥೆಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. ಸೆಲ್‌ವುಡ್ ಆ ಸೆಪ್ಟೆಂಬರ್‌ನಲ್ಲಿ ಸಿಡ್ನಿ ಎದುರು 81 ಅಂಕಗಳ ಗೆಲುವಿನೊಂದಿಗೆ ನಾಯಕನಾಗಿ ಕಪ್ ಎತ್ತಿ, ಕೆಲವೇ ದಿನಗಳಲ್ಲಿ ಗೌರವದಿಂದ ನಿವೃತ್ತನಾದ. ಗಿನಿವನ್ ಮರುವರ್ಷ ಕಾಲಿಂಗ್‌ವುಡ್ ಜೊತೆ ಪ್ರೀಮಿಯರ್‌ಶಿಪ್ ಗೆದ್ದು, ಅದರ ಬೆನ್ನಿಗೇ ಹಾಥಾರ್ನ್‌ಗೆ ಹೋದ. ಫ್ರೀ ಕಿಕ್ ನೆಚ್ಚಿಕೊಳ್ಳದೆಯೂ ಆಡಬಲ್ಲ ಎಂದು ಅಲ್ಲಿ ತೋರಿಸಿದ್ದಾನೆ.

ಈ ನಡುವೆ ತಕ್ಕಡಿಯ ಇನ್ನೊಂದು ತಟ್ಟೆಗೆ ಲೀಗ್ ಮತ್ತೊಂದು ಕಲ್ಲು ಇಟ್ಟಿದೆ. 2024ರ ಜೂನ್‌ನಲ್ಲಿ, ಸಿಕ್ಕಿಬಿದ್ದವನಿಗೆ ಚೆಂಡು ದಾಟಿಸಲು ನೀವು ಕೊಡುತ್ತಿರುವ ಸಮಯ ಅತಿಯಾಯಿತು, ಹೋಲ್ಡಿಂಗ್ ದಿ ಬಾಲ್‌ಗೆ ಬೇಗ ಸೀಟಿ ಊದಿ ಎಂದು ಅಂಪೈರ್‌ಗಳಿಗೆ ಹೇಳಿತು. ಟ್ಯಾಕಲ್ ಮಾಡುವವರಿಗೆ ಸಂತೋಷ. ಆದರೆ ಚೆಂಡು ಹಿಡಿದವನಿಗೆ ಉಳಿದಿರುವ ಸಮಯ ಕಡಿಮೆಯಾದಷ್ಟೂ, ತೋಳನ್ನು ನಾಲ್ಕು ಬೆರಳು ಮೇಲೆತ್ತುವ ಆಸೆ ಹೆಚ್ಚಾಗುತ್ತದೆ.