‘ಸೇಫ್ಟಿ ಇನ್‌ಚಾರ್ಜ್’ ಎಂಬ ಪತ್ರ ಕೊಟ್ಟರೆ ಹೊಣೆಯೆಲ್ಲ ನನ್ನದೇ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಶೀಟ್ ಮೆಟಲ್ ಭಾಗಗಳನ್ನು ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ. 12 ಪವರ್ ಪ್ರೆಸ್‌ಗಳಿವೆ, ಹೆಚ್ಚಿನವು ಹಳೆಯ ಕೀ ಕ್ಲಚ್ ಪ್ರೆಸ್‌ಗಳು. ಖಾಯಂ ನೌಕರರು 45, ಗುತ್ತಿಗೆಯವರು 35. ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ‘ಸೇಫ್ಟಿ ಇನ್‌ಚಾರ್ಜ್’ ಎಂಬ ಪತ್ರವನ್ನೂ ಕೈಗಿತ್ತರು. ನಾಳೆ ಯಾರದಾದರೂ ಬೆರಳು ಹೋದರೆ ಹೊಣೆ ನನ್ನದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪತ್ರದಿಂದ ಕಂಪನಿಯ ಹೊಣೆ ನಿಮ್ಮ ಹೆಗಲಿಗೆ ವರ್ಗವಾಗುವುದಿಲ್ಲ. ಕಾರ್ಖಾನೆಯ ಮೇಲೆ ಅಂತಿಮ ಹತೋಟಿ ಇರುವವರನ್ನು ಕಾನೂನು ‘ಆಕ್ಯುಪೈಯರ್’ ಅಥವಾ ಅಧಿಭೋಗದಾರ ಎನ್ನುತ್ತದೆ. ಕಂಪನಿಯ ಕಾರ್ಖಾನೆಯಾದರೆ ಅವರು ನಿರ್ದೇಶಕರಲ್ಲೊಬ್ಬರೇ ಆಗಿರಬೇಕು. ಮ್ಯಾನೇಜರನ್ನೋ ಇನ್ನಾರೋ ಅಧಿಕಾರಿಯನ್ನೋ ಆಕ್ಯುಪೈಯರ್ ಎಂದು ಹೆಸರಿಸಿ ನಿರ್ದೇಶಕರು ದೂರ ನಿಲ್ಲುವ ಪದ್ಧತಿ ಹಿಂದೆ ಇತ್ತು. 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶವಿಲ್ಲವೆಂದು ಹೇಳಿತು. 2025ರ ನವೆಂಬರ್ 21ರಿಂದ 1948ರ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಸ್ವತಂತ್ರ ನಿರ್ದೇಶಕರನ್ನು ಮಾತ್ರ ಹೊರಗಿಟ್ಟಿದೆ.

ಹಾಗೆಂದು ನೀವು ನಿಶ್ಚಿಂತರಾಗಿರುವಂತಿಲ್ಲ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ಅಂದರೆ ಅಲಕ್ಷ್ಯದಿಂದಾದ ಸಾವು ಎಂದು, ಪೊಲೀಸರು ಪ್ರತ್ಯೇಕ ಪ್ರಕರಣ ದಾಖಲಿಸಬಹುದು. ಆಗ ನೋಡುವುದು ಹುದ್ದೆಯ ಹೆಸರನ್ನಲ್ಲ, ಅಪಾಯ ಯಾರಿಗೆ ಗೊತ್ತಿತ್ತು, ಗೊತ್ತಿದ್ದೂ ಏನು ಮಾಡಿದರು ಎಂಬುದನ್ನು. ಯಂತ್ರದೊಳಗೆ ಕೈ ಹೋಗದಂತೆ ತಡೆಯುವ ಗಾರ್ಡ್ ಕೆಟ್ಟದ್ದು ನಿಮ್ಮ ಕಣ್ಣಿಗೆ ಬಿದ್ದು, ನೀವು ಬಾಯಿಮಾತಲ್ಲಿ ಹೇಳಿ ಸುಮ್ಮನಾಗಿದ್ದರೆ ಹೇಳಿದ್ದಕ್ಕೆ ಪುರಾವೆ ಇರುವುದಿಲ್ಲ. ಸುರಕ್ಷತಾ ಸಂಹಿತೆಯ ದಂಡವೂ ಹಗುರವಲ್ಲ. ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಗಂಭೀರ ಗಾಯಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 2ರಿಂದ 4 ಲಕ್ಷ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಗಾಯಾಳುವಿಗೋ ಮೃತರ ವಾರಸುದಾರರಿಗೋ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಆದ್ದರಿಂದ ಮೊದಲ ಕೆಲಸ, ಆ ಪತ್ರಕ್ಕೆ ಉತ್ತರ ಬರೆಯುವುದು. ಮೂರು ವಿಷಯ ಕೇಳಿ: ಅಪಾಯ ಕಂಡ ಕೂಡಲೇ ಯಂತ್ರ ನಿಲ್ಲಿಸುವ ಅಧಿಕಾರ, ಯಾರ ಸಹಿಗೂ ಕಾಯದೆ ಖರ್ಚು ಮಾಡಬಹುದಾದ ಒಂದು ಮೊತ್ತ, ವಾರಕ್ಕೆ ಇಂತಿಷ್ಟು ಗಂಟೆ ಇದೇ ಕೆಲಸಕ್ಕೆ ಎಂಬ ಒಪ್ಪಿಗೆ. ಈ ಮೂರೂ ಇಲ್ಲದಿದ್ದರೆ ನಿಮ್ಮ ಪಾಲಿಗೆ ಉಳಿಯುವುದು ಬೋರ್ಡು ಬರೆಸುವುದು ಮತ್ತು ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಓದಿಸುವುದು ಅಷ್ಟೇ.

ಸುರಕ್ಷತಾ ಸಂಹಿತೆಯ ಪ್ರಕಾರ ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕಾದದ್ದು 500 ಕಾರ್ಮಿಕರಿರುವ ಕಾರ್ಖಾನೆ; ಅಪಾಯಕಾರಿ ಪ್ರಕ್ರಿಯೆ ಇದ್ದರೆ 250. ನಿಮ್ಮ 80 ಜನರ ಕಂಪನಿಗೆ ಆ ಕಡ್ಡಾಯವಿಲ್ಲ. ಅಂಥ ಕಡೆ ಕೆಲಸವನ್ನು ಒಬ್ಬರ ತಲೆಗೆ ಕಟ್ಟದೆ, ಯಾರ ಕೈಯಲ್ಲಿ ಏನಿದೆಯೋ ಅದರಂತೆ ಹಂಚಬೇಕು. ಒಂದೇ ಹಾಳೆ ಸಾಕು. ಪ್ರತಿ ಕೆಲಸದ ಮುಂದೆ ಒಂದು ಹೆಸರು, ಅವರು ರಜೆಯಲ್ಲಿದ್ದರೆ ಇನ್ನೊಂದು ಹೆಸರು, ಒಂದು ತಾರೀಕು. ‘ಎಲ್ಲರೂ’ ಎಂಬ ಪದ ಆ ಹಾಳೆಯಲ್ಲಿ ಎಲ್ಲೂ ಬರಕೂಡದು. ಹಣ ಮತ್ತು ನೀತಿ ನಿರ್ದೇಶಕರದ್ದು. ಯಂತ್ರಗಳ ಸ್ಥಿತಿ ಫ್ಯಾಕ್ಟರಿ ಮ್ಯಾನೇಜರದ್ದು. ಕ್ಲಚ್, ಬ್ರೇಕ್, ವೈರಿಂಗ್, ಭಾರ ಎತ್ತುವ ಚೈನು ಮತ್ತು ಹಗ್ಗಗಳು ಮೇಂಟೆನೆನ್ಸ್‌ನವರವು. ಚೈನು ಹಗ್ಗಗಳನ್ನು ಮಾನ್ಯತೆ ಪಡೆದ ಸಮರ್ಥ ವ್ಯಕ್ತಿಯಿಂದ 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಶಿಫ್ಟ್ ಶುರುವಿನ ತಪಾಸಣೆ ಸೂಪರ್‌ವೈಸರದ್ದು. ತರಬೇತಿ, ಇಎಸ್‌ಐ, ಆರೋಗ್ಯ ತಪಾಸಣೆ, ದಾಖಲೆ ನಿಮ್ಮದು.

ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ವಿಭಾಗಗಳಿವೆ: ಶೀಟಿಗೆ ಆಕಾರ ಕೊಡುವ ಅಚ್ಚುಗಳನ್ನು (ಡೈ) ಮಾಡುವ ಟೂಲ್‌ರೂಮ್ ಮತ್ತು ಪರ್ಚೇಸ್. ಪ್ರೆಸ್‌ನಲ್ಲಿ ಬೆರಳು ಉಳಿಯುವುದೋ ಹೋಗುವುದೋ ಅರ್ಧಕ್ಕರ್ಧ ತೀರ್ಮಾನವಾಗುವುದು ಡೈ ಡಿಸೈನ್ ಮಾಡುವ ಮೇಜಿನ ಮೇಲೆ. ಸೆಕೆಂಡ್ ಹ್ಯಾಂಡ್ ಪ್ರೆಸ್ ಎಷ್ಟೋ ಸಲ ಗಾರ್ಡ್ ಬಿಚ್ಚಿದ ಸ್ಥಿತಿಯಲ್ಲೇ ಬರುತ್ತದೆ. ಗಾರ್ಡ್ ಇಲ್ಲದ ಯಂತ್ರಕ್ಕೆ ಬಿಲ್ ಪಾಸ್ ಮಾಡುವುದಿಲ್ಲ ಎಂಬ ಒಂದು ಸಾಲು ಪರ್ಚೇಸ್ ಆರ್ಡರ್‌ನಲ್ಲಿರಲಿ.

ಈಗ ಪ್ರೆಸ್‌ಗಳ ವಿಚಾರ. ನಿಮ್ಮ ಕಂಪನಿಯ ದೊಡ್ಡ ಅಪಾಯ ಇಲ್ಲಿಯೇ ಇದೆ.

ಕೀ ಕ್ಲಚ್ ಪ್ರೆಸ್‌ನ ಸ್ವಭಾವ ಮೊದಲು ತಿಳಿಯಬೇಕು. ಪೆಡಲ್ ಒತ್ತಿದಾಗ ಕೀ ಎಂಬ ಉಕ್ಕಿನ ತುಂಡು ಒಳಗೆ ಕೂತು ಕ್ರ್ಯಾಂಕ್ ಶಾಫ್ಟನ್ನು ಸುತ್ತುತ್ತಿರುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಜೋಡಿಸುತ್ತದೆ. ಅಲ್ಲಿಂದ ಒಂದು ಸುತ್ತು ಪೂರ್ತಿಯಾಗುವ ತನಕ ಅದನ್ನು ಯಾರೂ ತಡೆಯಲಾಗದು. ಆದ್ದರಿಂದ ಇಂಥ ಪ್ರೆಸ್‌ಗೆ ಲೈಟ್ ಕರ್ಟನ್ (ಬೆಳಕಿನ ಕಿರಣಗಳಿಗೆ ಕೈ ಅಡ್ಡಬಂದರೆ ಗುರುತಿಸುವ ಸಾಧನ) ಹಾಕುವುದು ಹಣ ನೀರಿಗೆ ಹಾಕಿದ ಹಾಗೆ. ಕೈ ಒಳಗೆ ಹೋಯಿತೆಂದು ಸಂವೇದಕಕ್ಕೆ ಗೊತ್ತಾದರೂ ಮೇಲಿಂದ ಇಳಿಯುವ ಭಾಗವಾದ ರ‍್ಯಾಮ್ ನಿಲ್ಲುವುದಿಲ್ಲ. ಎರಡು ಕೈಯ ಬಟನ್ ಕೂಡ ಇಲ್ಲಿ ಪೂರ್ತಿ ರಕ್ಷಣೆಯಲ್ಲ: ಬಟನ್ ಬಿಟ್ಟ ಮೇಲೆ ರ‍್ಯಾಮ್ ಇನ್ನೂ ಇಳಿಯುತ್ತಿರುವಾಗಲೇ ಕೈ ಡೈಗೆ ತಲುಪಬಹುದು. ನ್ಯೂಮ್ಯಾಟಿಕ್ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್ಸನ್ನು ಮಾತ್ರ ನಡುದಾರಿಯಲ್ಲಿ ನಿಲ್ಲಿಸಬಹುದು. ಅಲ್ಲಿ ಲೈಟ್ ಕರ್ಟನ್ ಕೆಲಸಕ್ಕೆ ಬರುತ್ತದೆ, ಆದರೆ ದೂರ ಲೆಕ್ಕ ಹಾಕಿ ಕೂರಿಸಬೇಕು. ಕೈಯ ವೇಗ ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತಾರೆ. ಪ್ರೆಸ್ ಪೂರ್ತಿ ನಿಲ್ಲಲು 0.2 ಸೆಕೆಂಡ್ ಬೇಕಾದರೆ ಕರ್ಟನ್ ಡೈಯಿಂದ ಕನಿಷ್ಠ 400 ಮಿಮೀ ಆಚೆ ಇರಬೇಕು. ಇದು ಬೆರಳಿನಷ್ಟು ಸಣ್ಣದನ್ನೂ ಗುರುತಿಸುವ, 14 ಮಿಮೀ ರೆಸಲ್ಯೂಶನ್‌ನ ಕರ್ಟನ್‌ಗೆ. ಒರಟು ರೆಸಲ್ಯೂಶನ್‌ನದಾದರೆ ದೂರ ಇನ್ನೂ ಹೆಚ್ಚುತ್ತದೆ. ಬ್ರೇಕ್ ಸವೆದಂತೆ ನಿಲ್ಲುವ ಸಮಯವೂ ಹೆಚ್ಚುವುದರಿಂದ ಅದನ್ನು ಆಗಾಗ ಅಳೆಸಬೇಕು.

ಕೀ ಕ್ಲಚ್ ಪ್ರೆಸ್‌ಗೆ ನಂಬಬಹುದಾದ ದಾರಿ ಎರಡೇ. ಒಂದು, ಬೆರಳು ಹೋಗಲು ಜಾಗವೇ ಇಲ್ಲದ ಡೈ: ರ‍್ಯಾಮ್ ಮೇಲಿದ್ದಾಗಲೂ ಪಂಚ್ (ಶೀಟನ್ನು ಒತ್ತುವ ಮೇಲಿನ ಭಾಗ) ಮತ್ತು ಸ್ಟ್ರಿಪ್ಪರ್ (ಪಂಚ್‌ನಿಂದ ಶೀಟನ್ನು ಬಿಡಿಸುವ ತಟ್ಟೆ) ನಡುವೆ, ಸ್ಟ್ರಿಪ್ಪರ್ ಮತ್ತು ಡೈ ನಡುವೆ ತೆರಪು 6 ಮಿಮೀ ಮೀರಬಾರದು. ಇನ್ನೊಂದು, ಬೋಲ್ಟ್ ಹಾಕಿ ಕೂರಿಸಿದ ಸ್ಥಿರ ಗಾರ್ಡ್. ಗಾರ್ಡ್‌ನ ಸೀಳು ಎಷ್ಟಿರಬೇಕೆಂಬುದಕ್ಕೆ ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13857ರಲ್ಲಿ ಲೆಕ್ಕವಿದೆ. ಸೀಳು 6 ಮಿಮೀ ಇದ್ದರೆ ಅಪಾಯದ ಜಾಗದಿಂದ ಗಾರ್ಡ್ ಕನಿಷ್ಠ 10 ಮಿಮೀ ದೂರವಿರಬೇಕು, 10 ಮಿಮೀ ಸೀಳಿಗೆ 80, 12ಕ್ಕೆ 100, 20ಕ್ಕೆ 120 ಮಿಮೀ. ಸ್ಕೇಲ್ ಹಿಡಿದು 12 ಪ್ರೆಸ್‌ಗಳನ್ನೂ ಅಳೆಯಿರಿ. ಬಿಡಿ ತುಂಡುಗಳನ್ನು ಕೈಯಿಂದ ಹಾಕಿ ತೆಗೆಯುವ ಕೆಲಸಕ್ಕೆ ಜಾರು ಚ್ಯೂಟ್ ಅಥವಾ ಜಾರಿಸುವ ಟ್ರೇ ಮಾಡಿಸಿ. ಮ್ಯಾಗ್ನೆಟ್ ಕಡ್ಡಿ, ಚಿಮಟಗಳು ಗಾರ್ಡ್‌ನ ಜೊತೆಗೆ ಇರಬೇಕಾದವು, ಗಾರ್ಡ್‌ಗೆ ಬದಲಿಯಲ್ಲ.

ಆಪರೇಟರ್ ಗಾರ್ಡ್ ಬಿಚ್ಚಿದ ಎಂದು ಮೆಮೋ ಕೊಡುವ ಮುನ್ನ ಅವರು ಯಾಕೆ ಬಿಚ್ಚಿದರು ಎಂದು ಅಲ್ಲೇ ನಿಂತು ನೋಡಿ. ಬಹುಪಾಲು ಕಾರಣ ಮೂರರಲ್ಲೊಂದು: ತುಂಡು ಒಳಗೆ ಸಿಕ್ಕಿಬೀಳುತ್ತದೆ, ಪಂಚ್ ಕೂರುವುದು ಕಾಣುವುದಿಲ್ಲ, ಗಾರ್ಡ್ ಇಟ್ಟುಕೊಂಡು ಗಂಟೆಯ ಟಾರ್ಗೆಟ್ ಮುಟ್ಟುವುದಿಲ್ಲ. ಮೊದಲ ಎರಡನ್ನು ಟೂಲ್‌ರೂಮ್ ಸರಿಪಡಿಸಬೇಕು. ಮೂರನೆಯದನ್ನು ಟಾರ್ಗೆಟ್ ಹಾಕಿದವರು ಸರಿಪಡಿಸಬೇಕು. ಗಾರ್ಡ್ ಹಾಕಿಕೊಂಡೇ ಟೈಮ್ ಸ್ಟಡಿ ಮಾಡಿ ಟಾರ್ಗೆಟ್ ನಿಗದಿ ಮಾಡದ ಕಂಪನಿ, ಗಾರ್ಡ್ ಬಿಚ್ಚಿ ಎಂದು ತಾನೇ ಹೇಳಿದಂತೆ.

ಇನ್ನು ಡಬಲ್ ಸ್ಟ್ರೋಕ್, ಪೆಡಲ್ ಒತ್ತದೆಯೇ ಬೀಳುವ ಎರಡನೇ ಹೊಡೆತ. ಬೆರಳುಗಳು ಹೋಗುವುದು ಹೆಚ್ಚಾಗಿ ಇದರಲ್ಲೇ. ಮೊದಲ ಹೊಡೆತ ಮುಗಿಯಿತೆಂದು ಕೈ ಒಳಗೆ ಹೋಗಿರುತ್ತದೆ. ಕೀಯನ್ನು ಹೊರತರುವ ಲ್ಯಾಚನ್ನು ಅದರ ಜಾಗಕ್ಕೆ ಮರಳಿಸುವ ಸ್ಪ್ರಿಂಗ್ ಮುರಿದಿದ್ದರೆ ಅಥವಾ ಲ್ಯಾಚ್‌ನ ಅಂಚು ಸವೆದಿದ್ದರೆ ಕೀ ಒಳಗೇ ಉಳಿಯುತ್ತದೆ. ಬ್ರೇಕ್ ಸಡಿಲವಾಗಿದ್ದರೆ ಅಥವಾ ಲೈನಿಂಗ್‌ಗೆ ಎಣ್ಣೆ ತಾಗಿದ್ದರೆ ಕ್ರ್ಯಾಂಕ್ ಮೇಲ್ತುದಿಯಲ್ಲಿ ನಿಲ್ಲದೆ ದಾಟಿ ಇಳಿಯುತ್ತದೆ. ಪ್ರತಿ ಶಿಫ್ಟ್ ಶುರುವಿನಲ್ಲಿ ಡೈ ಖಾಲಿ ಇಟ್ಟು ಹತ್ತು ಸಲ ಪೆಡಲ್ ಒತ್ತಿ, ಪ್ರತಿ ಸಲವೂ ರ‍್ಯಾಮ್ ಒಮ್ಮೆ ಮಾತ್ರ ಇಳಿದು ಮೇಲ್ತುದಿಯಲ್ಲೇ ನಿಂತಿತೇ ಎಂದು ಸೂಪರ್‌ವೈಸರ್ ನೋಡಬೇಕು. ಒಂದು ಸಲ ತಪ್ಪಿದರೂ ಪ್ರೆಸ್ ನಿಲ್ಲಬೇಕು. ಸವೆದ ಕೀಗೆ ವೆಲ್ಡಿಂಗ್ ತುಂಬಿ ಉಜ್ಜಿ ಮತ್ತೆ ಹಾಕಿಸಬೇಡಿ. ಬೆಸುಗೆಯ ಪಕ್ಕದ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಪೆಡಲ್‌ಗೆ ಮೇಲುಗಡೆ ಗಟ್ಟಿ ಹೊದಿಕೆ ಇರಲಿ, ಬಿದ್ದ ತುಂಡು ತಾಗಿ ಪ್ರೆಸ್ ಹೊಡೆದ ನಿದರ್ಶನಗಳಿಗೆ ಕೊರತೆಯಿಲ್ಲ.

ಡೈ ಬದಲಿಸುವಾಗ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಮೋಟರ್ ನಿಂತ ಮೇಲೂ ಫ್ಲೈವೀಲ್ ಸುತ್ತುತ್ತಲೇ ಇರುತ್ತದೆ, ಆ ಹೊತ್ತಿಗೆ ಪೆಡಲ್ ತಾಗಿದರೆ ಹೊಡೆತ ಪೂರ್ತಿ ಬಲದಿಂದಲೇ ಬೀಳುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಡೈ ಕೂರಿಸುವ ಸೆಟ್ಟರ್ ತನ್ನದೇ ಬೀಗ ಹಾಕಬೇಕು, ಕೀಲಿ ತನ್ನ ಜೇಬಿನಲ್ಲೇ ಇರಬೇಕು, ಫ್ಲೈವೀಲ್ ನಿಂತದ್ದನ್ನು ಕಣ್ಣಾರೆ ನೋಡಬೇಕು, ರ‍್ಯಾಮ್ ಕೆಳಗೆ ಅಳತೆಯ ಸೇಫ್ಟಿ ಬ್ಲಾಕ್ ಇಡಬೇಕು. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ. ಫ್ಲೈವೀಲ್ ತಿರುಗಿಸಲು ತೂರಿಸಿದ ಬಾರ್ ಅಲ್ಲೇ ಮರೆತುಹೋದರೆ ಮೋಟರ್ ಚಾಲೂ ಆದ ಕ್ಷಣ ಅದು ಈಟಿಯಂತೆ ಹಾರುತ್ತದೆ.

ಸದ್ದಿನ ವಿಷಯ ಚಿಕ್ಕದಾಗಿ: 8 ಗಂಟೆಗೆ ಮಿತಿ 90 ಡೆಸಿಬೆಲ್, 95 ಆದರೆ 4 ಗಂಟೆ, 100 ಆದರೆ 2 ಗಂಟೆ. ಒಮ್ಮೆ ಅಳೆಸಿ, ಪ್ರೆಸ್‌ನವರಿಗೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಹೋದ ಕಿವಿ ಮರಳಿ ಬರುವುದಿಲ್ಲ.

ಗುತ್ತಿಗೆಯ 35 ಜನರ ಬಗ್ಗೆ ‘ಅವರು ಕಂಟ್ರಾಕ್ಟರ್‌ನವರು’ ಎಂಬ ಮಾತು ಸುರಕ್ಷತೆಯಲ್ಲಿ ನಡೆಯುವುದಿಲ್ಲ. ಯಂತ್ರ ನಿಮ್ಮದು, ಸೂರು ನಿಮ್ಮದು. ಮೊದಲ ದಿನ ಬಂದವರನ್ನು ‘ಹೆಲ್ಪರ್’ ಎಂದು ಬರೆದುಕೊಂಡು ಮಧ್ಯಾಹ್ನಕ್ಕೆ ಪ್ರೆಸ್ ಮೇಲೆ ಕೂರಿಸುವುದು ಬೆರಳು ಕಳೆಯುವ ನೇರ ದಾರಿ. ತರಬೇತಿ ಮುಗಿಸಿದವರ ಹೆಸರನ್ನು ಪ್ರತಿ ಪ್ರೆಸ್ ಮೇಲೆ ಅಂಟಿಸಿ, ಪಟ್ಟಿಯಲ್ಲಿಲ್ಲದವರು ಪೆಡಲ್ ಮುಟ್ಟದಿರಲಿ. ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬಂದವರಿಗೆ ಕನ್ನಡ ಬೋರ್ಡು ಮಾತ್ರ ಇದ್ದರೆ ತಲುಪುವುದಿಲ್ಲ. ಅವರ ಭಾಷೆ ಬಲ್ಲ ಹಿರಿಯ ಆಪರೇಟರ್‌ರಿಂದ ಪ್ರೆಸ್ ಮುಂದೆಯೇ ತೋರಿಸಿ ಹೇಳಿಸಿ, ಆಮೇಲೆ ಅವರಿಂದಲೇ ಮಾಡಿ ತೋರಿಸಿಕೊಳ್ಳಿ. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ತರಬೇತಿ ಆದಂತಲ್ಲ. ಇಎಸ್‌ಐ ನೋಂದಣಿ ಕೆಲಸದ ಮೊದಲ ದಿನವೇ ಆಗಲಿ. ಅಪಘಾತದ ಮರುದಿನ ನೋಂದಾಯಿಸಲು ಹೋದರೆ ತಕರಾರು ಶುರುವಾಗುತ್ತದೆ, ಅದರ ಕಷ್ಟ ಗಾಯಾಳುವಿನ ಮನೆಯವರಿಗೆ. ತಿಂಗಳ ಸಂಬಳ 21,000 ರೂಪಾಯಿ ಮೀರಿ ಇಎಸ್‌ಐ ವ್ಯಾಪ್ತಿಯಾಚೆ ಇರುವವರಿಗೆ ಪರಿಹಾರ ಕೊಡುವ ಹೊಣೆ ನೇರವಾಗಿ ಕಂಪನಿಯದ್ದಾಗುವುದರಿಂದ ಅವರಿಗೆ ಪ್ರತ್ಯೇಕ ವಿಮೆ ಮಾಡಿಸಬೇಕು.

ಛಾವಣಿ ರಿಪೇರಿಯನ್ನೂ ಮರೆಯಬೇಡಿ. ಮಳೆಗಾಲಕ್ಕೆ ಮುಂಚೆ ಸೋರಿಕೆ ಮುಚ್ಚಲು ಹೊರಗಿನವರನ್ನು ಸಿಮೆಂಟ್ ಶೀಟ್ ಮೇಲೆ ಹತ್ತಿಸುತ್ತಾರೆ. ಶೀಟ್ ಹಳೆಯದಾದಷ್ಟೂ ಪೆಳಸು, ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ. ಅಟ್ಟಣಿಗೆ ಹಲಗೆ ಹಾಸದೆ, ಹಾರ್ನೆಸ್ಸಿನ ಹಗ್ಗ ಕಟ್ಟಲು ಲೈಫ್‌ಲೈನ್ ಎಳೆಯದೆ, ಲಿಖಿತ ಪರ್ಮಿಟ್ ಇಲ್ಲದೆ ಯಾರೂ ಹತ್ತಕೂಡದು.

ಅಪಘಾತ ಆಗಿಯೇಬಿಟ್ಟರೆ: ಮೊದಲು ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಸ್ವಚ್ಛ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಬೆರಳು ನೇರವಾಗಿ ಐಸ್‌ಗೆ ತಾಗಿದರೆ ಅಂಗಾಂಶ ಸಾಯುತ್ತದೆ. ಬೆರಳು ಜೋಡಿಸುವ ಮೈಕ್ರೋಸರ್ಜರಿ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ ಫೋನ್ ನಂಬರ್ ಗೋಡೆಗೆ ಅಂಟಿಸಿ. ಪ್ರೆಸ್ ಇದ್ದ ಹಾಗೇ ಇರಲಿ, ತೊಳೆಯಬೇಡಿ, ಗಾರ್ಡ್ ತಂದು ಕೂರಿಸಬೇಡಿ. ಸಾವಾದರೆ ಕೂಡಲೇ, 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದ ಗಾಯವಾದರೆ ನಿಗದಿತ ನಮೂನೆಯಲ್ಲಿ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ತಿಳಿಸಬೇಕು. ಇಎಸ್‌ಐಗೆ 24 ಗಂಟೆಯೊಳಗೆ ವರದಿ ಹೋಗಬೇಕು.

ತನಿಖೆಯ ವರದಿಯಲ್ಲಿ ‘ಆಪರೇಟರ್‌ನ ಅಜಾಗರೂಕತೆ’ ಎಂದು ಬರೆದು ಮುಗಿಸಬೇಡಿ. ಕೈ ಒಳಗೆ ಹೋಗಲು ಜಾಗ ಹೇಗಿತ್ತು, ರ‍್ಯಾಮ್ ಯಾಕೆ ಇಳಿಯಿತು, ಶಿಫ್ಟ್ ಶುರುವಿನ ತಪಾಸಣೆ ಆಗಿತ್ತೇ, ಅದು ಅವರ ಎಷ್ಟನೇ ಗಂಟೆಯ ಕೆಲಸ ಎಂದು ಕೇಳಿ. ಕ್ಲಚ್ ಸ್ಪ್ರಿಂಗ್ ಮುರಿದದ್ದು ಕಾರಣವೆಂದು ಸಿಕ್ಕರೆ, ಉಳಿದ 11 ಪ್ರೆಸ್‌ಗಳಲ್ಲೂ ಅದೇ ಸ್ಪ್ರಿಂಗ್ ಬಿಚ್ಚಿ ನೋಡಿದ ಮೇಲೆಯೇ ಮುಂದಿನ ಶಿಫ್ಟ್ ಶುರುವಾಗಲಿ.