ಬಸ್ ಎಲ್ಲಿ ಸಾಲುತ್ತಿಲ್ಲ? ಜನರನ್ನು ಕೇಳಿ ಸಾರಿಗೆಯ ಕೊರತೆ ಗುರುತಿಸುವ ಬಗೆ

ಸಾರಿಗೆ ಕೊರತೆ ಎಂದೊಡನೆ ನಕ್ಷೆಯಲ್ಲಿ ರೂಟ್ ಇಲ್ಲದ ಜಾಗಗಳನ್ನು ಹುಡುಕುವುದು ಕಲಿಯುವವರ ಸಾಮಾನ್ಯ ಅಭ್ಯಾಸ. ಅದು ಕೊರತೆಯ ಒಂದು ಬಗೆ ಮಾತ್ರ. ರೂಟ್ ಇದ್ದೂ ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಇರುವುದಿಲ್ಲ (ಸಮಯದ ಕೊರತೆ). ಬಸ್ ಬಂದರೂ ಕಾಲಿಡಲು ಜಾಗವಿರುವುದಿಲ್ಲ (ಸಾಮರ್ಥ್ಯದ ಕೊರತೆ). ಮೆಟ್ಟಿಲು ಎತ್ತರವಾಗಿ ವಯಸ್ಸಾದವರು ಹತ್ತಲಾರರು (ಪ್ರವೇಶದ ಕೊರತೆ). ಒಂದು ಬಸ್ ಇಳಿಯುವಷ್ಟರಲ್ಲಿ ಇನ್ನೊಂದು ಹೊರಟುಹೋಗಿರುತ್ತದೆ (ಜೋಡಣೆಯ ಕೊರತೆ). ಇವನ್ನು ಬೇರೆ ಬೇರೆ ಬರೆದುಕೊಳ್ಳಲೇಬೇಕು, ಏಕೆಂದರೆ ಪರಿಹಾರಗಳೂ ಬೇರೆ. ಜೋಡಣೆ ತಪ್ಪುತ್ತಿದ್ದರೆ ವೇಳಾಪಟ್ಟಿಯಲ್ಲಿ ಐದು ನಿಮಿಷ ಸರಿಸಿದರೂ ಸಾಕಾಗಬಹುದು. ಅಲ್ಲಿಗೆ ಹೊಸ ರೂಟ್ ಕೇಳುವುದು ವ್ಯರ್ಥ.

ಯಾರನ್ನು ಕೇಳಬೇಕು

ಬಸ್ಸಿನೊಳಗೆ ಮಾಡುವ ಸಮೀಕ್ಷೆ ಸುಲಭ, ಆದರೆ ಅಲ್ಲಿ ಸಿಗುವವರು ಹೇಗೋ ಬಸ್ ಹತ್ತಲು ಸಾಧ್ಯವಾದವರು. ಬಸ್ಸಿನ ಆಸೆಯನ್ನೇ ಬಿಟ್ಟವರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ, ಕೊರತೆಯ ಬಿಸಿ ಹೆಚ್ಚು ತಟ್ಟಿರುವುದು ಅವರಿಗೇ. ಆದ್ದರಿಂದ ಜನ ತಲುಪಬೇಕಾದ ಜಾಗಕ್ಕೆ ಹೋಗಿ ಕೇಳಿ: ಆಸ್ಪತ್ರೆಯ ಹೊರರೋಗಿ ವಿಭಾಗ, ಶಿಫ್ಟ್ ಬದಲಾಗುವಾಗ ಕಾರ್ಖಾನೆಯ ಗೇಟ್, ನಸುಕಿನ ತರಕಾರಿ ಮಾರುಕಟ್ಟೆ, ಕಾಲೇಜು. ಡ್ರೈವರ್, ಕಂಡಕ್ಟರ್‌ಗಳನ್ನು ಮರೆಯಬೇಡಿ. ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಜನರನ್ನು ಬಿಟ್ಟು ಹೋಗಬೇಕಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಸಭೆ ಕರೆಯುವುದಾದರೆ ಹೊತ್ತು ನೋಡಿ ಕರೆಯಿರಿ. ಕೊನೆಯ ಬಸ್ ಆರೂವರೆಗೆ ಇರುವ ಬಡಾವಣೆಯವರನ್ನು ಏಳು ಗಂಟೆಗೆ ಪೇಟೆಯ ಸಭಾಂಗಣಕ್ಕೆ ಕರೆದರೆ, ಬರುವವರು ಸ್ವಂತ ವಾಹನವಿದ್ದವರು ಮಾತ್ರ. ಕತ್ತಲಾದ ಮೇಲೆ ನಿಲ್ದಾಣದಲ್ಲಿ ಕಾಯುವ ಭಯದ ಬಗ್ಗೆ ಹೆಣ್ಣುಮಕ್ಕಳು ಎಲ್ಲರ ಮುಂದೆ ಮಾತಾಡುವುದು ಕಡಿಮೆ; ಅವರೊಂದಿಗೆ ಬೇರೆಯಾಗಿ ಕೂತು ಕೇಳಬೇಕು.

ಮಾದರಿಯ ಗಾತ್ರದ ಬಗ್ಗೆ ಒಂದು ಎಚ್ಚರಿಕೆ. ದೊಡ್ಡ ಜನಸಂಖ್ಯೆಗೆ 385 ಜನರನ್ನು ಕೇಳಿದರೆ ಶೇ. 95 ವಿಶ್ವಾಸ ಮಟ್ಟದಲ್ಲಿ (ಹೀಗೆ ನೂರು ಸಲ ಕೇಳಿದರೆ ಸುಮಾರು 95 ಸಲ) ಉತ್ತರ ಹೆಚ್ಚೆಂದರೆ ಶೇ. 5ರಷ್ಟು ಆಚೀಚೆ ಎಂಬ ಲೆಕ್ಕ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಮಾದರಿಗೆ ಮಾತ್ರ ನಿಲ್ಲುತ್ತದೆ. ತಾವಾಗಿ ಬಂದು ಉತ್ತರಿಸಿದವರು ಸಾವಿರ ಇದ್ದರೂ ಆ ಲೆಕ್ಕವನ್ನು ಅಲ್ಲಿ ಬಳಸುವಂತಿಲ್ಲ.

ಏನು ಕೇಳಬೇಕು

'ಇನ್ನೂ ಬಸ್ ಬೇಕೇ?' ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಆ ಉತ್ತರದಿಂದ ಯಾವ ಕೆಲಸವೂ ಆಗದು. ಹೀಗೆ ಕೇಳಿ: 'ಕಳೆದ ಏಳು ದಿನಗಳಲ್ಲಿ ಬಸ್ ಇಲ್ಲದ್ದಕ್ಕೆ ಕೈಬಿಟ್ಟ ಅಥವಾ ಬೇರೆ ದಾರಿಯಲ್ಲಿ ಮಾಡಿದ ಪ್ರಯಾಣ ಯಾವುದು?' ಆಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಯೊಳಗೆ ತಲುಪಬೇಕಿತ್ತು, ಜೊತೆಗೆ ಮಗುವೋ ಹೊರೆಯೋ ಇತ್ತೇ, ಕೊನೆಗೆ ಏನು ಮಾಡಿದಿರಿ. ವಾಪಸು ಬರುವುದನ್ನು ಪ್ರತ್ಯೇಕವಾಗಿಯೇ ಕೇಳಬೇಕು. ಹೋಗಲು ಬಸ್ ಇದ್ದು ಬರಲು ಇಲ್ಲದಿದ್ದರೆ ಜನ ಹೋಗುವುದನ್ನೇ ಬಿಡುತ್ತಾರೆ. ಆಗ ಬೆಳಗಿನ ಬಸ್ ಖಾಲಿ ಓಡುತ್ತದೆ, 'ಇಲ್ಲಿ ಬೇಡಿಕೆ ಇಲ್ಲ' ಎಂದು ಅದನ್ನೂ ನಿಲ್ಲಿಸುತ್ತಾರೆ. ಸಂಜೆಯ ಕೊರತೆ ಬೆಳಗಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ಹೀಗೆ.

ದೂರನ್ನು ಅಳತೆಗೆ ತರುವುದು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಜನ 'ಬಸ್ ಬರೋದೇ ಇಲ್ಲ' ಎನ್ನುತ್ತಾರೆ, ವೇಳಾಪಟ್ಟಿ ಗಂಟೆಗೆ ಮೂರು ಬಸ್ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೂರೂ ಬಸ್ ಸಮವಾಗಿ 20 ನಿಮಿಷಕ್ಕೊಂದರಂತೆ ಬಂದರೆ, ವೇಳೆ ನೋಡದೆ ಬಂದ ಪ್ರಯಾಣಿಕ ಸರಾಸರಿ 10 ನಿಮಿಷ ಕಾಯುತ್ತಾನೆ. ಅದೇ ಮೂರು ಬಸ್‌ಗಳ ನಡುವಿನ ಅಂತರ 5, 15, 40 ನಿಮಿಷವಾದರೆ? ಅಂತರಗಳ ವರ್ಗಗಳನ್ನು ಕೂಡಿಸಿ (25 + 225 + 1600 = 1850), ಒಟ್ಟು ಅವಧಿಯ ಎರಡರಷ್ಟರಿಂದ (120) ಭಾಗಿಸಿ: ಸರಾಸರಿ ಕಾಯುವಿಕೆ ಸುಮಾರು 15.4 ನಿಮಿಷ. ಬಸ್ಸಿನ ಸಂಖ್ಯೆ ಬದಲಾಗಲಿಲ್ಲ, ಕಾಯುವಿಕೆ ಒಂದೂವರೆಪಟ್ಟಾಯಿತು. ಕಾರಣ ಸರಳ: 40 ನಿಮಿಷದ ಆ ದೊಡ್ಡ ಅಂತರದಲ್ಲೇ ಹೆಚ್ಚು ಜನ ನಿಲ್ದಾಣಕ್ಕೆ ಬಂದು ಸೇರುತ್ತಾರೆ. ಅದರ ಕೊನೆಗೆ ಬರುವ ಬಸ್ ತುಂಬಿಹೋಗಿದ್ದರೆ ಹತ್ತಲಾಗದವರ ಪಾಲಿಗೆ ಅದು ಬರಲೇ ಇಲ್ಲ ಎಂದೇ ಲೆಕ್ಕ.

ಹಾಗಾಗಿ ದೂರು ಬಂದ ನಿಲ್ದಾಣದಲ್ಲಿ ನಿಂತು ಪ್ರತಿ ಬಸ್ ಬಂದ ಸಮಯ, ಹತ್ತಿದವರು, ಹತ್ತಲಾಗದೆ ಉಳಿದವರು ಈ ಮೂರನ್ನೂ ಬರೆಯಿರಿ. ಒಂದೇ ದಿನ ನೋಡಿದರೆ ಸಾಲದು. ದಟ್ಟಣೆಯ ಹೊತ್ತು, ಬಿಡುವಿನ ಹೊತ್ತು, ರಜಾದಿನ ಮೂರೂ ಬೇಕು. ಜಿಟಿಎಫ್‌ಎಸ್ (ಸಾರಿಗೆ ಸಂಸ್ಥೆಗಳು ರೂಟ್, ವೇಳಾಪಟ್ಟಿ ಹಂಚಿಕೊಳ್ಳಲು ಬಳಸುವ ಸಾಮಾನ್ಯ ಕಡತ ರೂಪ) ಮಾದರಿಯ ವೇಳಾಪಟ್ಟಿ ದತ್ತಾಂಶ ಸಿಕ್ಕರೆ ಒಳ್ಳೆಯದೇ, ಆದರೆ ಅದರ ಮೂಲ ಕಡತಗಳಲ್ಲಿರುವುದು ಯೋಜಿಸಿದ ಸಮಯ, ಬಸ್ ನಿಜಕ್ಕೂ ಬಂದ ಸಮಯವಲ್ಲ.

ದೂರವನ್ನೂ ಹೀಗೇ ಪರೀಕ್ಷಿಸಿ. ನಿಲ್ದಾಣದ ಸುತ್ತ 400 ಮೀಟರ್, ಅಂದರೆ ಸುಮಾರು ಐದು ನಿಮಿಷದ ನಡಿಗೆ, ಎಂದು ವೃತ್ತ ಎಳೆಯುವುದು ರೂಢಿ. ನಡುವೆ ರೈಲುಹಳಿಯೋ ಕಾಲುವೆಯೋ ಇದ್ದರೆ ವೃತ್ತದೊಳಗಿನ ಮನೆಯವರೂ ಒಂದು ಕಿಲೋಮೀಟರ್ ಸುತ್ತಬೇಕಾಗಬಹುದು. ನಡೆಯುವ ದಾರಿಯ ಮೇಲೆಯೇ ಅಳೆಯಿರಿ, ಸಾಧ್ಯವಾದರೆ ಕೋಲೂರಿ ನಡೆಯುವವರ ಜೊತೆಗೇ.

ಯಾವುದು ಮೊದಲು

ದೂರುಗಳ ಎಣಿಕೆ ನೋಡಿ ಆದ್ಯತೆ ಕೊಡುವುದು ದೊಡ್ಡ ತಪ್ಪು. ಸಂಘಟಿತವಾದ ಬಡಾವಣೆಯಿಂದ ಒಂದೇ ಒಕ್ಕಣೆಯ ಐವತ್ತು ಅರ್ಜಿ ಬರುತ್ತವೆ, ರಾತ್ರಿಪಾಳಿಯ ಕೂಲಿಕಾರರಿಂದ ಒಂದೂ ಬರುವುದಿಲ್ಲ. ಪ್ರತಿ ದೂರನ್ನೂ ಒಂದು ಸಾಲಾಗಿ ಬರೆದು, ಸ್ಥಳ, ದಿಕ್ಕು, ಹೊತ್ತು, ಕೊರತೆಯ ಬಗೆ, ಬದಲಿ ದಾರಿ ಎಂಬ ಕಾಲಂ ಹಾಕಿ. ಒಂದೇ ಕೊರತೆಯ ಸಾಲುಗಳನ್ನು ಗುಂಪು ಮಾಡಿ, ನಿಂತು ನೋಡಿದ್ದರೊಂದಿಗೆ ಹೋಲಿಸಿ. ಬದಲಿ ದಾರಿಯೇ ಇಲ್ಲದವರ ಕೊರತೆ ಮೇಲೆ ಬರಬೇಕು, ಕೇಳಿದವರು ನಾಲ್ಕೇ ಜನರಿದ್ದರೂ.

ಈ ಪಟ್ಟಿಯನ್ನು ಉತ್ತರಿಸಿದವರಿಗೇ ಮೊದಲು ತೋರಿಸಿ. ಹೊತ್ತು, ದಿಕ್ಕು ತಪ್ಪಿದ್ದರೆ ಅವರು ತಕ್ಷಣ ಹೇಳುತ್ತಾರೆ. ಕೈಬಿಟ್ಟ ಬೇಡಿಕೆಯ ಎದುರಿಗೂ ಕಾರಣ ಬರೆದಿರಲಿ. ಹೇಳಿದ್ದು ಎಲ್ಲಿ ಹೋಯಿತೆಂದು ತಿಳಿಯದ ಜನ ಮುಂದಿನ ಸಮೀಕ್ಷೆಗೆ ಬಾಯಿ ಬಿಡುವುದಿಲ್ಲ.