ಮೂಳೆ ಎಷ್ಟು, ಮೈ ಎಷ್ಟು: ಗಂಡಸರ ಮೈಕಟ್ಟಿನ ಲೆಕ್ಕ

ನನ್ನ ಬಳಿ ವ್ಯಾಯಾಮದ ತರಬೇತಿಗೆ ಹೊಸದಾಗಿ ಬರುವವರು ಈಗೀಗ ತಮ್ಮ ಹೆಸರಿಗಿಂತ ಮೊದಲು ಮೈಕಟ್ಟಿನ ಪಂಗಡ ಹೇಳಿಬಿಡುತ್ತಾರೆ. "ಸರ್, ನಾನು ಎಕ್ಟೋಮಾರ್ಫ್, ಏನು ತಿಂದ್ರೂ ಮೈಗೆ ಹತ್ತಲ್ಲ" ಅಂತ ಒಬ್ಬ ಸಣಕಲು ಹುಡುಗ. ಅವನ ಹಿಂದೆಯೇ ನಲವತ್ತು ದಾಟಿದ ಇನ್ನೊಬ್ಬರು, "ನಾನು ಎಂಡೋಮಾರ್ಫ್, ಗಾಳಿ ಕುಡಿದ್ರೂ ದಪ್ಪ ಆಗ್ತೀನಿ." ಇಬ್ಬರೂ ಮೊಬೈಲಿನಲ್ಲಿ ಐದಾರು ಪ್ರಶ್ನೆಗೆ ಉತ್ತರ ಒತ್ತಿ ಈ ಬಿರುದು ಪಡೆದುಕೊಂಡವರು. ನಾನು ಹೂಂ ಅಂತ ಹೇಳಿ ಜೇಬಿನಿಂದ ಟೇಪು ತೆಗೆಯುತ್ತೇನೆ. ಟೈಲರ್ ಕೊರಳಿಗೆ ಹಾಕಿಕೊಂಡಿರುತ್ತಾರಲ್ಲ, ಅದೇ ಮೆತ್ತನೆಯ ಟೇಪು. ಈ ಕೆಲಸದಲ್ಲಿ ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದ ಯಂತ್ರ ಇಲ್ಲ.

ಈ ಹೆಸರುಗಳು ಎಲ್ಲಿಂದ ಬಂದವು ಅಂತ ಮೊದಲು ಹೇಳಿಬಿಡುತ್ತೇನೆ. ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕದ ಮನೋವಿಜ್ಞಾನಿ 1940ರಲ್ಲಿ ಇವನ್ನು ಚಲಾವಣೆಗೆ ತಂದರು. ಸಾವಿರಾರು ಕಾಲೇಜು ಹುಡುಗರ ಬೆತ್ತಲೆ ಫೋಟೋ ಇಟ್ಟುಕೊಂಡು ಅವರು ಮೈಕಟ್ಟಿಗೆ ಅಂಕ ಕೊಡುತ್ತಿದ್ದರು. ಗುಂಡಗಿನ ಮೈ ಎಂಡೋಮಾರ್ಫ್, ಕಟ್ಟುಮಸ್ತಾದ ಮೈ ಮೆಸೊಮಾರ್ಫ್, ಸಪೂರದ ಮೈ ಎಕ್ಟೋಮಾರ್ಫ್. ಆದರೆ ಗಮನಿಸಿ, ಶೆಲ್ಡನ್ ಯಾರನ್ನೂ ಒಂದೇ ಡಬ್ಬಿಗೆ ಹಾಕಲಿಲ್ಲ, ಪ್ರತಿಯೊಬ್ಬನಿಗೂ ಮೂರೂ ವಿಷಯದಲ್ಲಿ 1ರಿಂದ 7ರವರೆಗೆ ಅಂಕ ಇತ್ತು. ಅಂದರೆ ಅಪ್ಪಟ ಎಕ್ಟೋಮಾರ್ಫ್ ಅನ್ನುವವನು ಅವರ ಲೆಕ್ಕದಲ್ಲೂ ಅಪರೂಪ, ನಾವೆಲ್ಲ ಕಲಬೆರಕೆಯೇ. ಅವರು ಎಡವಿದ್ದು ಬೇರೆ ಕಡೆ. ಮೈ ನೋಡಿ ಮನುಷ್ಯನ ಸ್ವಭಾವ ಹೇಳಬಹುದು ಅಂತ ಹೊರಟರು. ಆ ಭಾಗವನ್ನು ವಿಜ್ಞಾನ ಯಾವತ್ತೋ ಕಸದ ಬುಟ್ಟಿಗೆ ಹಾಕಿದೆ.

1967ರಲ್ಲಿ ಬಾರ್ಬರಾ ಹೀತ್ ಮತ್ತು ಲಿಂಡ್ಸೆ ಕಾರ್ಟರ್ ಇದನ್ನೇ ಟೇಪು, ಕ್ಯಾಲಿಪರ್ (ಇಕ್ಕಳದಂಥ ಅಳತೆಯ ಸಾಧನ) ಹಿಡಿದು ಅಳೆಯುವ ವಿಧಾನವಾಗಿ ಬದಲಾಯಿಸಿದರು. ಎತ್ತರ, ತೂಕ, ನಾಲ್ಕು ಕಡೆ ಚರ್ಮದ ಮಡಿಕೆಯ ದಪ್ಪ, ಮೊಣಕೈ ಮತ್ತು ಮಂಡಿ ಮೂಳೆಯ ಅಗಲ, ತೋಳು ಮತ್ತು ಮೀನಖಂಡದ ಸುತ್ತಳತೆ, ಒಟ್ಟು ಹತ್ತು ಅಳತೆ. ಕ್ರೀಡಾ ವಿಜ್ಞಾನದಲ್ಲಿ ಇಂದಿಗೂ ಬಳಸುವುದು ಇದನ್ನೇ. ಇದರ ಫಲಿತಾಂಶ ನಿಮ್ಮ ಇವತ್ತಿನ ಆಕಾರ ಹೇಳುತ್ತದೆ, ಅಷ್ಟೇ. ಆರು ತಿಂಗಳು ಬಿಟ್ಟು ಅಳೆದರೆ ಅಂಕ ಬೇರೆ ಬರಬಹುದು. ಮೊಬೈಲಿನ ಆ ಐದು ಪ್ರಶ್ನೆ ಇದನ್ನು ಮಾತ್ರ ಹೇಳುವುದಿಲ್ಲ.

ಹಾಗಾದರೆ ಬದಲಾಗದ್ದು ಏನು? ಮೂಳೆ. ಬೆಳವಣಿಗೆ ನಿಂತ ಮೇಲೆ ಹೆಗಲಿನ ಅಗಲ, ಪಕ್ಕೆಗೂಡಿನ ಗಾತ್ರ, ಮಣಿಕಟ್ಟಿನ ದಪ್ಪ, ತೊಡೆಮೂಳೆಯ ಉದ್ದ, ಇವೆಲ್ಲ ಇದ್ದ ಹಾಗೇ ಇರುತ್ತವೆ. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗವೂ ಅಷ್ಟೇ. ಹೊಟ್ಟೆಯ ಮೇಲೆ ಆರು ಗಡ್ಡೆ ಕಾಣುತ್ತೋ ನಾಲ್ಕೋ ಎಂಟೋ ಅನ್ನುವುದು ಅಲ್ಲಿ ಅಡ್ಡ ಹಾದುಹೋಗುವ ನಾರಿನ ಪಟ್ಟಿಗಳನ್ನು ಅವಲಂಬಿಸಿದೆ, ಅದು ಹುಟ್ಟಿನಿಂದ ಬಂದದ್ದು, ಎಷ್ಟು ಕ್ರಂಚ್ ಹೊಡೆದರೂ ನಾಲ್ಕು ಆರಾಗುವುದಿಲ್ಲ. ಈ ಮೂಳೆಯ ಮೇಲೆ ಕೂತಿರುವ ಸ್ನಾಯು ಮತ್ತು ಕೊಬ್ಬು ಮಾತ್ರ ನಮ್ಮ ಕೈಯಲ್ಲಿದೆ. ಹಾಗಾಗಿ ನಾನು ಪಂಗಡ ಕೇಳುವುದಿಲ್ಲ. ಮೂಳೆ ಎಷ್ಟು, ಮೈ ಎಷ್ಟು ಅಂತ ಬೇರೆ ಮಾಡಿ ನೋಡುತ್ತೇನೆ.

ಈಗ ಆ ಸಣಕಲು ಹುಡುಗನ ವಿಷಯ. ಮೂರು ದಿನ ತಿಂದದ್ದು ಕುಡಿದದ್ದು ಎಲ್ಲ ಬರೆದು ತಾ ಅಂದೆ. ಬರೆದು ತಂದ. ಮೊದಲ ದಿನ ಮಧ್ಯಾಹ್ನ ಸ್ನೇಹಿತರ ಜೊತೆ ಹೊಟ್ಟೆ ಬಿರಿಯುವಷ್ಟು ಊಟ. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಅದಾದ ಮೇಲೆ ರಾತ್ರಿ ಹಸಿವಿಲ್ಲ ಅಂತ ಒಂದು ಲೋಟ ಹಾಲು, ಮರುದಿನ ಬೆಳಿಗ್ಗೆ ಬರೀ ಟೀ. ಆ ಸಾಲು ಅವನ ಕೈಯಲ್ಲೇ ಬರೆದದ್ದು, ಆದರೂ "ನಾನು ಇಷ್ಟು ಕಮ್ಮಿ ತಿಂತೀನಾ ಸರ್?" ಅಂತ ನನ್ನನ್ನೇ ಕೇಳಿದ. ಎಲ್ಲರದ್ದೂ ಹೀಗೇ. ಜಾಸ್ತಿ ತಿಂದ ದಿನ ನೆನಪಿರುತ್ತದೆ, ಬಿಟ್ಟ ಊಟ ನೆನಪಿರುವುದಿಲ್ಲ.

ಹಾಗಂತ ಅವನು ಪೂರ್ತಿ ಸುಳ್ಳು ಹೇಳುತ್ತಿದ್ದ ಅಂತಲೂ ಅಲ್ಲ. 1999ರಲ್ಲಿ ಜೇಮ್ಸ್ ಲೆವಿನ್ ಮತ್ತು ಜೊತೆಗಾರರು 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿ ನೋಡಿದರು. ಒಬ್ಬನಿಗೆ ಅರ್ಧ ಕೆ.ಜಿ. ಕೊಬ್ಬೂ ಏರಲಿಲ್ಲ, ಇನ್ನೊಬ್ಬನಿಗೆ ನಾಲ್ಕು ಕೆ.ಜಿ. ದಾಟಿತು. ವ್ಯತ್ಯಾಸದ ದೊಡ್ಡ ಪಾಲು ಎಲ್ಲಿತ್ತು ಅಂದರೆ ಗೊತ್ತಿಲ್ಲದೆ ಮಾಡುವ ಸಣ್ಣಪುಟ್ಟ ಓಡಾಟದಲ್ಲಿ. ಕಾಲು ಅಲ್ಲಾಡಿಸುವುದು, ಕೂತಲ್ಲಿ ಕೂರದೆ ಎದ್ದು ಓಡಾಡುವುದು, ನಿಂತೇ ಮಾತಾಡುವುದು. ಕೆಲವರ ಮೈ ಹೆಚ್ಚಿಗೆ ಬಂದ ಊಟವನ್ನು ಹೀಗೆ ಸುಟ್ಟುಬಿಡುತ್ತದೆ, ಕೆಲವರ ಮೈ ಜೋಪಾನ ಮಾಡಿಡುತ್ತದೆ. ನಮ್ಮ ಹುಡುಗನೂ ನನ್ನೆದುರು ಕೂತ ಅರ್ಧ ಗಂಟೆಯಲ್ಲಿ ಒಂದು ನಿಮಿಷವೂ ಮಂಡಿ ಸುಮ್ನೆ ಇಟ್ಟಿರಲಿಲ್ಲ!

ಇದರ ಹಿಂದೆ ವಂಶದ ಪಾಲೂ ಇದೆ. ಕೆನಡಾದಲ್ಲಿ ಕ್ಲಾಡ್ ಬುಶಾರ್ ಅವರ ತಂಡ 12 ಜೋಡಿ ಅವಳಿ ಗಂಡಸರಿಗೆ ಹೀಗೇ ನೂರು ದಿನದ ಪ್ರಯೋಗ ಮಾಡಿ 1990ರಲ್ಲಿ ಪ್ರಕಟಿಸಿತು. ತೂಕ ಏರಿದ್ದು 4 ಕೆ.ಜಿ.ಯಿಂದ 13 ಕೆ.ಜಿ.ವರೆಗೆ. ಆದರೆ ಒಂದೇ ಜೋಡಿಯ ಅಣ್ಣ ತಮ್ಮಂದಿರಿಗೆ ಹೆಚ್ಚುಕಡಿಮೆ ಒಂದೇ ರೀತಿ ಏರಿತ್ತು, ಕೊಬ್ಬು ಕೂತ ಜಾಗ ಕೂಡ ಹೋಲುತ್ತಿತ್ತು. ನಿಮ್ಮಪ್ಪನ ಹಾಗೇ ನಿಮಗೂ ಹೊಟ್ಟೆ ಮುಂದೆ ಬಂದರೆ ಆಶ್ಚರ್ಯ ಏನಿಲ್ಲ. ಆದರೆ ಅಲ್ಲಿ ತೂಕ ಏರದವರು ಒಬ್ಬರೂ ಇರಲಿಲ್ಲ, ಅದನ್ನೂ ನೋಡಿ. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಈಗ ತಿನ್ನುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಜಾಸ್ತಿ, ಹಸಿವಿಲ್ಲದಿದ್ದರೆ ಅದರಲ್ಲಿ ಸ್ವಲ್ಪ ಭಾಗ ಕುಡಿ (ಹಾಲು, ಬಾಳೆಹಣ್ಣು, ಕಡಲೆಬೀಜ ಒಟ್ಟಿಗೆ ಅರೆದರೆ ಸಾಕು), ಊಟ ಬಿಡಬೇಡ, ವಾರಕ್ಕೆ ಮೂರು ದಿನ ಭಾರ ಎತ್ತು. ವಾರಕ್ಕೆ ಕಾಲು ಕೆ.ಜಿ. ಏರಿದರೆ ಬೇಕಾದಷ್ಟಾಯಿತು. ಅದಕ್ಕಿಂತ ಬೇಗ ಏರಿದ್ದು ಹೆಚ್ಚಾಗಿ ಹೊಟ್ಟೆಗೇ ಹೋಗುತ್ತದೆ.

ಗಾಳಿ ಕುಡಿದು ದಪ್ಪ ಆಗುವವರಿಗೆ ಬರುವ ಸಲಹೆ ಒಂದೇ: ಎಂಡೋಮಾರ್ಫ್ ಆದರೆ ಕಾರ್ಬೋಹೈಡ್ರೇಟ್ ಮುಟ್ಟಬೇಡಿ. ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ, ಶುರುವಿನಲ್ಲಿ ನಾನೂ ಮೂರು ಪಂಗಡಕ್ಕೆ ಮೂರು ಆಹಾರ ಪಟ್ಟಿ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದೆ. ಬಂದವರ ಮೈ ನೋಡುವುದು, ಒಂದು ಹಾಳೆ ಎಳೆದು ಕೊಡುವುದು. ಅದು ಕೆಲಸ ಮಾಡಿದವರಿಗೆ ಮಾಡಿತು, ಉಳಿದವರು ಎರಡನೇ ತಿಂಗಳು ಬರುವುದು ಬಿಟ್ಟರು. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದರು. ಅರ್ಧ ಜನಕ್ಕೆ ಕಮ್ಮಿ ಕೊಬ್ಬಿನ ಊಟ, ಅರ್ಧ ಜನಕ್ಕೆ ಕಮ್ಮಿ ಕಾರ್ಬೋಹೈಡ್ರೇಟಿನ ಊಟ. ಸರಾಸರಿ ಇಳಿದ ತೂಕ 5.3 ಕೆ.ಜಿ. ಮತ್ತು 6 ಕೆ.ಜಿ., ಅಂದರೆ ಹೇಳಿಕೊಳ್ಳುವ ವ್ಯತ್ಯಾಸ ಏನಿಲ್ಲ. ಜೀನ್ ನೋಡಿ, ಇನ್ಸುಲಿನ್ ನೋಡಿ ಯಾರಿಗೆ ಯಾವ ಊಟ ಅಂತ ಹೇಳಬಹುದಾ ಅಂತಲೂ ಪರೀಕ್ಷಿಸಿದರು. ಆಗಲಿಲ್ಲ. ರಕ್ತ ಪರೀಕ್ಷೆ ಮಾಡಿಯೇ ಹೇಳಲಾಗದ್ದನ್ನು ಮಣಿಕಟ್ಟಿನ ದಪ್ಪ ನೋಡಿ ನಾನು ಹೇಗೆ ಹೇಳಲಿ? ಆ ಹಾಳೆಗಳನ್ನು ಈಗ ಡಂಬೆಲ್ ಕೆಳಗೆ ಹಾಸಿದ್ದೇನೆ.

ಪ್ರೋಟೀನ್ ವಿಷಯದಲ್ಲಿ ಪಂಗಡವೇ ಬೇಡ. ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಸಾಕು, ಅದರಾಚೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣುವುದಿಲ್ಲ ಅಂತ 49 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ. 60 ಕೆ.ಜಿ. ಇದ್ದರೆ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಅಂತ ಇಟ್ಟುಕೊಂಡರೆ ಇದು ಕಮ್ಮಿ ಏನಲ್ಲ, ಕಾಳು, ಹಾಲು, ಮೊಸರು, ಮಾಂಸ ಎಲ್ಲ ಸೇರಿಸಿಯೇ ಮುಟ್ಟಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ನನಗೆ ನಿಜವಾಗಿ ಚಿಂತೆ ಹತ್ತಿಸುವ ಮೈ ಈ ಮೂರು ಪಂಗಡದಲ್ಲೂ ಇಲ್ಲ. ಕೈಕಾಲು ಸಣ್ಣ, ಮುಖ ಸಣ್ಣ, ಹೊಟ್ಟೆ ಮಾತ್ರ ಮುಂದೆ. ಒಬ್ಬರು ಬಂದಿದ್ದರು, ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ಚಿಲ್ಲರೆ, ನಮ್ಮವರಿಗೆ ಹಾಕಿರುವ 23ರ ಗೆರೆಯನ್ನು ಸ್ವಲ್ಪವೇ ದಾಟಿದೆ, ದೊಡ್ಡ ತೊಂದರೆ ಅನ್ನಿಸುವುದಿಲ್ಲ. ಶರ್ಟಿನ ಮೇಲೆ ನೋಡಿದರೆ ಸಣ್ಣ ಮನುಷ್ಯ. ಟೇಪು ಸುತ್ತಿದೆ, ಹೊಟ್ಟೆ 94 ಸೆಂ.ಮೀ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು ಅನ್ನುವುದು ಸುಲಭದ ಲೆಕ್ಕ, ಅವರಿಗೆ ಅದು 84. ಹತ್ತು ಸೆಂ.ಮೀ. ಮೇಲಿದ್ದರು. ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ.ಗೇ ಎಚ್ಚರಿಕೆಯ ಗೆರೆ ಎಳೆದಿದ್ದಾರೆ, ಯುರೋಪಿನವರಿಗೆ 94. ಕರುಳು, ಪಿತ್ತಜನಕಾಂಗದ ಸುತ್ತ ಕೂರುವ ಈ ಒಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ದಾರಿ ಮಾಡುವುದು. "ನಾನು ಸಣ್ಣಗಿದ್ದೀನಿ, ನನಗೇನು" ಅಂತ ಇವರೇ ಎಲ್ಲರಿಗಿಂತ ತಡವಾಗಿ ಬರುತ್ತಾರೆ. ಮನೆಯಲ್ಲೇ ಅಳೆಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯೆ ಟೇಪು ಇಡಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಪ್ಯಾಂಟಿನ ನಂಬರು ನಂಬಬೇಡಿ. ಹೊಟ್ಟೆ ಬೆಳೆದಂತೆ ಗಂಡಸರು ಪ್ಯಾಂಟು ಹೊಟ್ಟೆಯ ಕೆಳಗೆ ಇಳಿಸುತ್ತಾ ಹೋಗುತ್ತಾರೆ, ನಂಬರು ಹತ್ತು ವರ್ಷ ಒಂದೇ ಇರುತ್ತದೆ.

ವ್ಯಾಯಾಮದಲ್ಲಿ ಮೂಳೆ ನೋಡಲೇಬೇಕು, ಅಲ್ಲಿ ಮೈಕಟ್ಟು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ತೊಡೆಮೂಳೆ ಉದ್ದ ಇರುವವನು ಭಾರ ಹೊತ್ತು ಸ್ಕ್ವಾಟ್ ಕೂತಾಗ ಬೆನ್ನು ಮುಂದಕ್ಕೆ ಬಾಗಿಯೇ ಬಾಗುತ್ತದೆ. ಅದು ಸೋಮಾರಿತನವಲ್ಲ, ತೂಕದ ಸಮತೋಲ ಸಿಗಬೇಕಾದರೆ ಬೇರೆ ದಾರಿಯೇ ಇಲ್ಲ. ಪಕ್ಕದವನು ನೆಟ್ಟಗೆ ಕೂರುತ್ತಾನೆ ಅಂತ ಇವನಿಗೆ ಬೈದು ಪ್ರಯೋಜನ ಇಲ್ಲ, ಹಿಮ್ಮಡಿಯ ಕೆಳಗೆ ಭಾರದ ಸಣ್ಣ ಬಿಲ್ಲೆ ಇಟ್ಟು, ಕಾಲು ಸ್ವಲ್ಪ ಅಗಲಿಸಿ ನೋಡಬೇಕು. ಉದ್ದ ತೋಳಿನವನಿಗೆ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಸಲೀಸು, ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಭಾರ ಮೇಲಕ್ಕೆ ತಳ್ಳುವುದು) ಕಷ್ಟ, ಅವನ ಕೈಯಲ್ಲಿ ಬಾರ್ ಹೆಚ್ಚು ದೂರ ಹೋಗಿ ಬರಬೇಕಲ್ಲ. ಗಿಡ್ಡ ತೋಳು, ದೊಡ್ಡ ಎದೆಗೂಡಿನವನಿಗೆ ಇದು ಉಲ್ಟಾ.

ಇನ್ನು ಬಟ್ಟೆ. ಇಲ್ಲೂ ಅದೇ ಲೆಕ್ಕ, ಮೂಳೆಗೆ ಕೂರುವ ಜಾಗ ಮೊದಲು, ಉಳಿದದ್ದು ಆಮೇಲೆ. ಹೆಗಲ ತುದಿಯಲ್ಲಿ ಬೆರಳಿಟ್ಟು ಒತ್ತಿ ನೋಡಿ, ಒಂದು ಗಟ್ಟಿ ಮೂಳೆ ಸಿಗುತ್ತದೆ. ಶರ್ಟಿನ ಹೆಗಲ ಹೊಲಿಗೆ ಅಲ್ಲಿಗೆ ಮುಗಿಯಬೇಕು. ಸೊಂಟ ಹಿಡಿಸಬಹುದು, ತೋಳು ಗಿಡ್ಡ ಮಾಡಿಸಬಹುದು, ಪ್ಯಾಂಟಿನ ಕಾಲು ಸಣ್ಣ ಮಾಡಿಸಬಹುದು. ಹೆಗಲು ಬಿಚ್ಚಿ ಹೊಲಿಯುವುದು ಅಂದರೆ ತೋಳು, ಕಾಲರ್ ಎಲ್ಲ ಕಳಚಿದ ಹಾಗೆ, ಒಳ್ಳೆಯ ಟೈಲರ್ ಕೂಡ ಬೇಡ ಅನ್ನುತ್ತಾರೆ.

ಹೊಟ್ಟೆ ಇರುವವರು ಮಾಡುವ ತಪ್ಪು ಇಲ್ಲೇ ಇರುವುದು. ಹೊಟ್ಟೆಗೆ ಸರಿಯಾಗುವ ಸೈಜು ತೆಗೆದುಕೊಳ್ಳುತ್ತಾರೆ, ಹೆಗಲು ತೋಳಿನ ಮೇಲೆ ಜಾರಿ ಬೀಳುತ್ತದೆ, ಇಡೀ ಮನುಷ್ಯ ಇನ್ನೂ ದಪ್ಪ ಕಾಣುತ್ತಾನೆ. ಹೆಗಲಿಗೆ ಸರಿಯಾದ ಸೈಜಿನಲ್ಲೇ ಸಡಿಲ ಕಟ್ ಕೇಳಿ. ಪ್ಯಾಂಟು ಹೊಟ್ಟೆಯ ಕೆಳಗಲ್ಲ, ಸೊಂಟದ ಮೇಲೆ ನಿಲ್ಲಲಿ. ಗುಂಡಿ ಹಾಕಿದಾಗ ಅದರ ಸುತ್ತ ಬಟ್ಟೆ ಎಳೆದು ಇಂಟು ಗುರುತಿನ ಹಾಗೆ ಸುಕ್ಕು ಬಂದರೆ ಬಿಗಿಯಾಯಿತು ಅಂತ ಅರ್ಥ. ಸಣಕಲು ಮೈಯವರದ್ದು ಇದರ ತಿರುಗುಮುರುಗು ತಪ್ಪು. ಮೈ ತುಂಬಿಕೊಂಡ ಹಾಗೆ ಕಾಣಲಿ ಅಂತ ದೊಗಳೆ ಹಾಕುತ್ತಾರೆ, ಗೂಟಕ್ಕೆ ಅಂಗಿ ತಗುಲಿಸಿದ ಹಾಗೆ ಆಗುತ್ತದೆ. ಅವರಿಗೆ ಮೈಗೆ ಹತ್ತಿರ ಕೂರುವ ಕಟ್, ಸ್ವಲ್ಪ ದಪ್ಪ ನೇಯ್ಗೆ, ಒಂದರ ಮೇಲೊಂದು ಎರಡು ಪದರ ಚೆನ್ನಾಗಿರುತ್ತದೆ. ತೀರಾ ಮೈಗಂಟುವುದೂ ಬೇಡ, ಎಲುಬು ಎಣಿಸಬಹುದು.

ಕಟ್ಟುಮಸ್ತಾದವರು ಅದೃಷ್ಟವಂತರು ಅಂದುಕೊಳ್ಳಬೇಡಿ, ರೆಡಿಮೇಡ್ ಬಟ್ಟೆ ಅವರಿಗೂ ಕಿರಿಕಿರಿಯೇ. ರೆಡಿಮೇಡ್ ಸೂಟುಗಳನ್ನು ಸಾಮಾನ್ಯವಾಗಿ ಎದೆಗಿಂತ ಸೊಂಟ ಆರು ಇಂಚು ಕಮ್ಮಿ ಅನ್ನುವ ಲೆಕ್ಕದಲ್ಲಿ ಹೊಲಿದಿರುತ್ತಾರೆ. ಹತ್ತು ಇಂಚು ವ್ಯತ್ಯಾಸ ಇರುವವನಿಗೆ ಎದೆ ಸರಿಯಾದರೆ ಸೊಂಟದಲ್ಲಿ ಚೀಲ. ಎದೆಗೆ ತೆಗೆದುಕೊಂಡು ಸೊಂಟ ಹಿಡಿಸುವುದೇ ದಾರಿ.

ಅಡ್ಡಪಟ್ಟೆ ಹಾಕಿದರೆ ದಪ್ಪ ಕಾಣುತ್ತೇವೆ ಅನ್ನುವ ಹೆದರಿಕೆ ಮಾತ್ರ ಬಿಟ್ಟುಬಿಡಿ. 19ನೇ ಶತಮಾನದಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಡ್ಡಗೆರೆ ತುಂಬಿದ ಚೌಕ ಎತ್ತರವಾಗಿಯೇ ಕಾಣುತ್ತದೆ ಅಂತ ತೋರಿಸಿದ್ದರು. ಬಟ್ಟೆಯ ಬಣ್ಣ, ಗೆರೆ ಎಲ್ಲ ಆಮೇಲಿನ ಮಾತು, ಹೆಗಲು ಜಾರಿದರೆ ಯಾವ ಗೆರೆಯೂ ಕಾಪಾಡುವುದಿಲ್ಲ.

ಆ ಹುಡುಗ ಎಂಟು ತಿಂಗಳಲ್ಲಿ ಆರು ಕೆ.ಜಿ. ಏರಿದ್ದಾನೆ. ಹೋದ ವಾರ ಹಳೆಯ ಶರ್ಟು ಹಾಕಿಕೊಂಡು ಬಂದಿದ್ದ, ಎದೆಯ ಮೇಲಿನ ಎರಡನೇ ಗುಂಡಿ ಎಳೆಯುತ್ತಿತ್ತು, ಹೆಗಲ ಹೊಲಿಗೆ ಮಾತ್ರ ಕೂದಲೆಳೆಯಷ್ಟೂ ಕದಲದೆ ಆ ಮೂಳೆಯ ಮೇಲೆಯೇ ಕೂತಿತ್ತು. ಹೊಸದಾಗಿ ಎರಡು ಶರ್ಟು ಹೊಲಿಸಬೇಕು ಅಂದ. ಹೊಲಿಸು, ಆದರೆ ಪಕ್ಕದ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡೋಕೆ ಹೇಳು ಅಂದೆ.